ಹೊಸ್ತಿಲಿಲ್ಲದವರ ಗಂಟು

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಕೂತಲ್ಲಿ ಕೂರದೆ ಓಡಾಡಿಕೊಂಡಿದ್ದ ಕಾಲದಲ್ಲಿ, ಮುಗಿಲ್ಕೋಟೆ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಅಂಚೆ ಹೊರುತ್ತಿದ್ದವರು ಮನುಷ್ಯರಲ್ಲ, ಕೊಕ್ಕರೆಗಳು. ಒಂದೊಂದು ಕೊಕ್ಕರೆ ಎತ್ತಿನಷ್ಟು ಎತ್ತರ. ರೆಕ್ಕೆ ಬಿಚ್ಚಿದರೆ ಇಡೀ ಕಣಕ್ಕೆ ನೆರಳು. ಯಾರಿಗೆ ಏನು ಕಳಿಸಬೇಕೋ ಅದನ್ನು ಗಂಟು ಕಟ್ಟಿ, ಹೆಸರು ಹೇಳಿ, ಕೊಕ್ಕಿಗೆ ಕೊಟ್ಟರೆ ಆಯಿತು. ಕೊಕ್ಕರೆ ಏಳು ನದಿ ದಾಟಿ ಹೋಗಿ ಆ ಹೆಸರಿನವರ ಮನೆಯ ಹೊಸ್ತಿಲ ಮೇಲೆ ಇಟ್ಟು ಬರುತ್ತಿತ್ತು. ಕಾಗದವಾಗಲಿ, ಸೀರೆಯಾಗಲಿ, ಉಪ್ಪಿನಕಾಯಿ ಭರಣಿಯಾಗಲಿ. ಒಂದು ಭರಣಿಯೂ ದಾರಿಯಲ್ಲಿ ಒಡೆದದ್ದಿಲ್ಲ.

ಹೊಸ್ತಿಲ ಮೇಲೆ ಅಂದೆನಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ನನ್ನನ್ನು ಕೇಳಬೇಡಿ. ಆ ರಾಜ್ಯದ ಕಟ್ಟಳೆಯೇ ಹಾಗಿತ್ತು: ಹೊಸ್ತಿಲಿದ್ದವರಿಗೆ ಅಂಚೆ, ಹೊಸ್ತಿಲಿಲ್ಲದವರ ಗಂಟೆಲ್ಲ ಮಾಂತ್ರಿಕ ಚಿಲಕಭೈರನ ಕೋಟೆಗೆ. "ಯಾರಿಗೂ ಸೇರದ ವಸ್ತು ತಾನೇ ಮಹಾರಾಜ, ನನಗಿರಲಿ" ಅಂತ ಆ ಖದೀಮ ಹಿಂದಿನ ರಾಜನ ಹತ್ತಿರ ವರ ಕೇಳಿಕೊಂಡಿದ್ದ. ಆ ರಾಜನೋ, ಊಟಕ್ಕೆ ಕೂತಾಗ ಏನು ಕೇಳಿದರೂ ಹ್ಞೂಂ ಅನ್ನುವ ಪುಣ್ಯಾತ್ಮ! ಆದರೆ ಚಿಲಕಭೈರನಿಗೂ ಒಂದು ತೊಡಕಿತ್ತು. ಒಳಗಿನವರು ತಾವಾಗಿ "ಬನ್ನಿ" ಅಂತ ಕರೆಯದೆ ಯಾರ ಹೊಸ್ತಿಲನ್ನೂ ಅವನು ದಾಟಲಾರ. ಅವನ ಮಂತ್ರವೆಲ್ಲ ಹೊಸ್ತಿಲಿನಿಂದ ಆಚೆಗೇ ಅನ್ನುವುದು ಆ ರಾಜ್ಯದ ಮಕ್ಕಳಿಗೂ ಗೊತ್ತಿತ್ತು.

ಅದೇ ರಾಜ್ಯದಲ್ಲಿ ಉಪ್ಪಿನ ಗಾಡಿಯವರು ಅಂತ ಒಂದು ಪಂಗಡವಿತ್ತು. ಕಡಲ ದಂಡೆಯಿಂದ ಉಪ್ಪು ತುಂಬಿಕೊಂಡು ಬೆಟ್ಟದ ಸೀಮೆಗೆ ಹೋಗುವುದು, ಅಲ್ಲಿಂದ ರಾಗಿ ತುಂಬಿಕೊಂಡು ಕಡಲಿಗೆ ಬರುವುದು. ಹುಟ್ಟುವುದೂ ಗಾಡಿಯಲ್ಲೇ, ಮದುವೆ ಮೆರವಣಿಗೆಯೂ ಗಾಡಿಯಲ್ಲೇ. ಬೀಡು ಬಿಟ್ಟ ಕಡೆಯೆಲ್ಲ ಅವರು ಮೊದಲು ಎತ್ತು ಬಿಚ್ಚಿ, ನೊಗ ಕಳಚಿ, ಅದನ್ನು ದಾರಿಗೂ ತಮ್ಮ ಒಲೆಗೂ ನಡುವೆ ಅಡ್ಡಲಾಗಿ ಮಲಗಿಸುತ್ತಿದ್ದರು. ಅದಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದರು. ಮಕ್ಕಳು ಅದರ ಮೇಲೆ ಕೂತರೆ ಬೈಗುಳ, ತುಳಿದರೆ ಬೆನ್ನಿಗೆ ಗುದ್ದು. ದಾರಿಯಲ್ಲಿ ಕಳ್ಳನೇ ಹೋಗಲಿ, ಸಂತನೇ ಹೋಗಲಿ, ನೊಗದ ಈಚೆಯಿಂದ ಕೂಗುತ್ತಿದ್ದರು: "ಬನ್ನಿ, ನೀರು ಕುಡಿದು ಹೋಗಿ!" ಇದೆಲ್ಲ ಯಾಕೆ ಅಂದರೆ, "ನಮ್ಮ ಅಜ್ಜಂದಿರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ" ಅನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಆ ಗಾಡಿಗಳ ಮುಂದಾಳು ದೇವೀರಪ್ಪ. ಅವನ ಒಬ್ಬಳೇ ಮಗಳು ಮಾಳಿ. ಉಪ್ಪಿನ ಬಯಲಿನ ಬಿಳಿ ಬಿಸಿಲನ್ನು ನೋಡಿ ನೋಡಿ ದೇವೀರಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ದೂರದ ಬೆಟ್ಟ ಹೋಯಿತು, ಆಮೇಲೆ ಎತ್ತಿನ ಕೊಂಬು ಹೋಯಿತು, ಕೊನೆಗೆ ಮಗಳ ಮುಖವೂ ಬರೀ ನೆರಳಾಯಿತು. ಕಡಲ ದಂಡೆಯಲ್ಲಿ ನೆಲೆಸಿದ್ದ ಅವನ ತಂಗಿ ಚೆಲುವಿ, ಜೀವಮಾನದಲ್ಲಿ ಒಮ್ಮೆ ಅರಳುವ ಕಡಲಹೂವನ್ನು ಕಾದು ಕಿತ್ತು, ಅರೆದು, ಅಂಜನ ಮಾಡಿ, ಕೊಕ್ಕರೆಯ ಕೊಕ್ಕಿಗೆ ಕೊಟ್ಟಳು. ಅಮಾವಾಸ್ಯೆಯೊಳಗೆ ಹಚ್ಚಿದರೆ ಕಣ್ಣು ಬರುತ್ತದೆ. ಅಮಾವಾಸ್ಯೆ ದಾಟಿದರೆ ಆ ಅಂಜನ ಬರೀ ಮಸಿ, ಅವನ ಕಣ್ಣಿಗೆ ಕಾಯಂ ಕತ್ತಲೆ.

ಕೊಕ್ಕರೆ ಬಂತು. ಗಾಡಿಗಳ ಮೇಲೆ ಸುತ್ತು ಹೊಡೆಯುತ್ತಾ ಕೂಗಿತು: "ಉಪ್ಪಿನ ಗಾಡಿಯ ದೇವೀರಪ್ಪನಿಗೆ ಗಂಟು ಬಂದಿದೆ! ಹೊಸ್ತಿಲೆಲ್ಲಿ?"

ಗಾಡಿಯವರು ಎಂದಿನ ಹಾಗೆ ಎದೆಯುಬ್ಬಿಸಿ ಕೂಗಿದರು: "ನಮಗೆಲ್ಲಿಯ ಹೊಸ್ತಿಲು! ಆಕಾಶವೇ ಸೂರು, ದಾರಿಯೇ ಮನೆ!"

ಅದು ಅವರ ಹೆಮ್ಮೆಯ ಮಾತು. ಈ ಮಾತಿಗೆ ಹಿಂದೆ ಎಷ್ಟು ಚಕ್ಕುಲಿ, ಎಷ್ಟು ಕುಪ್ಪಸದ ಬಟ್ಟೆ ಕೈತಪ್ಪಿ ಹೋಗಿದ್ದವೋ! ನಕ್ಕು ಸುಮ್ಮನಾಗಿದ್ದರು. ಆದರೆ ಈ ಸಲ ಮಾಳಿಗೆ ನಗು ಬರಲಿಲ್ಲ. ಅವಳು ಓಡಿ ಬಂದು ಎರಡು ಕೈ ಚಾಚಿ, "ಅದು ನಮ್ಮಪ್ಪನ ಕಣ್ಣು! ನನ್ನ ಕೈಗೇ ಹಾಕು ಕೊಕ್ಕರೆಯಮ್ಮಾ" ಅಂದಳು.

"ಹೊಸ್ತಿಲಿದೆ ಅಂತ ಒಂದು ಮಾತು ಹೇಳು ತಾಯಿ, ಇಟ್ಟುಬಿಡುತ್ತೇನೆ" ಅಂತ ಕೊಕ್ಕರೆಯೂ ಕಣ್ಣೀರು ಹಾಕಿತು.

ಉಪ್ಪು ಹೊತ್ತವರು ಸುಳ್ಳು ಹೇಳಬಾರದು ಅಂತ ಅವರಲ್ಲಿ ನೇಮ. ಮಾಳಿ ಚಾಚಿದ ಕೈ ಕೆಳಗಿಳಿಸಿದಳು. ಕೊಕ್ಕರೆ ಚಿಲಕಭೈರನ ಕೋಟೆಯ ಕಡೆ ತಿರುಗಿತು. ಮಾಳಿ ಸೆರಗಿನಲ್ಲಿ ಒಂದು ಹಿಡಿ ಉಪ್ಪು ಕಟ್ಟಿಕೊಂಡು, "ಅಪ್ಪಾ, ನಿನ್ನ ಗಂಟು ತಂದೇ ತರ್ತೀನಿ" ಅಂತ ಅದರ ನೆರಳಿನ ಹಿಂದೆಯೇ ಹೊರಟಳು.

ನಡೆದಳು, ನಡೆದಳು. ಕೋಟೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಕಬ್ಬಿಣದ ಕಾಡುಕೋಣ ನಿಂತಿತ್ತು. ಉಸಿರು ಬಿಟ್ಟರೆ ಕಿಡಿ.

"ಎಲ್ಲಿಂದ ಬಂದೆ?"

"ದಾರಿಯಿಂದ ಬಂದೆ."

"ಎಲ್ಲಿಗೆ ಹೊರಟೆ?"

"ನಮ್ಮಪ್ಪನ ಗಂಟಿಗೆ ಹೊರಟೆ."

"ಹಾಗಾದರೆ ನನ್ನ ಕೊಂಬು ದಾಟಿ ಹೋಗು, ನೋಡೋಣ!"

ಮಾಳಿ ಕೊಂಬನ್ನು ನೋಡಲಿಲ್ಲ, ನಾಲಿಗೆಯನ್ನು ನೋಡಿದಳು. ಒಣಗಿ ಬಿರುಕು ಬಿಟ್ಟಿತ್ತು. "ಅಯ್ಯೋ ಪಾಪ, ನಿನಗೆ ಉಪ್ಪು ನೆಕ್ಕಿಸಿ ಎಷ್ಟು ಕಾಲವಾಯ್ತೋ" ಅಂದಳು. ಸೆರಗು ಬಿಚ್ಚಿ ಅಂಗೈ ಚಾಚಿದಳು. ಕೋಣ ನೆಕ್ಕಿತು. ನೆಕ್ಕಿದ ಹಾಗೆಲ್ಲ ಅದರ ಕಬ್ಬಿಣದ ಕಣ್ಣಿನಿಂದ ನೀರು ಇಳಿಯಿತು. ಅದು ಪಕ್ಕಕ್ಕೆ ಸರಿದು, "ನಿನ್ನ ಉಪ್ಪು ತಿಂದೆ ಮಗಳೇ, ಹೋಗು" ಅಂದಿತು.

ಎರಡನೆಯ ಬಾಗಿಲೇ ಒಂದು ಹೆಬ್ಬಾವಿನ ಬಾಯಿ. ಹಾವಿನ ಹೊಟ್ಟೆಯೇ ಓಣಿ.

"ಎಲ್ಲಿಂದ ಬಂದೆ?"

"ದಾರಿಯಿಂದ ಬಂದೆ."

"ಎಲ್ಲಿಗೆ ಹೊರಟೆ?"

"ನಮ್ಮಪ್ಪನ ಗಂಟಿಗೆ ಹೊರಟೆ."

"ಒಳಗೆ ನಡಿ. ನಡೆದವರನ್ನು ಬಿಡುತ್ತೇನೆ, ನಿಂತವರನ್ನು ಅರಗಿಸಿಕೊಳ್ಳುತ್ತೇನೆ."

ಮಾಳಿ ಒಳಗೆ ನಡೆದಳು. ಒಂದು ಕಡೆ ಮೆತ್ತನೆಯ ಹಾಸಿಗೆ ಕಂಡಿತು, ಇನ್ನೊಂದು ಕಡೆ ತಣ್ಣನೆಯ ಮಜ್ಜಿಗೆ ಕಂಡಿತು. ತೀರಿಹೋದ ಅವ್ವನ ದನಿಯೂ ಕೇಳಿತು: "ಕಾಲು ನೋಯ್ತದೆ ಮಗಾ, ಒಂದು ಗಳಿಗೆ ಕೂತ್ಕೋ." ಮಾಳಿಯ ಎದೆ ಒಡೆದಂತಾಯಿತು. ಆದರೂ ಅವಳು ಅಳುತ್ತಲೇ ನಡೆದಳು, ನಡೆಯುತ್ತಲೇ ಅತ್ತಳು. ದಾರಿಯ ಮೇಲೆ ಹುಟ್ಟಿದವಳಿಗೆ ಅಳುತ್ತಾ ನಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಾವಿನ ಬಾಲದ ತುದಿಯಲ್ಲಿ ಬೆಳಕಿಗೆ ಬಂದಳು.

ಮೂರನೆಯ ಬಾಗಿಲಲ್ಲಿ ಗಂಡಭೇರುಂಡ. ಎರಡು ತಲೆ, ನಾಲ್ಕು ಕಣ್ಣು, ಒಂದೇ ಪ್ರಶ್ನೆ.

"ನಿನ್ನ ಹೊಸ್ತಿಲೆಲ್ಲಿ?"

ಮಾಳಿ ನಿಜವನ್ನೇ ಹೇಳಿದಳು. ನಿಜ ಅಂತ ಅವಳು ತಿಳಿದಿದ್ದನ್ನು ಹೇಳಿದಳು. "ನಮಗೆ ಹೊಸ್ತಿಲಿಲ್ಲ."

ಎರಡು ತಲೆಯೂ ಒಟ್ಟಿಗೆ ನಿಟ್ಟುಸಿರು ಬಿಟ್ಟವು. ಬಾಗಿಲು ತೆರೆಯಿತು.

ಅಬ್ಬಬ್ಬಾ, ಒಳಗೆ ಏನು ನೋಡಿದಳು ಅಂತೀರಿ! ಬೆಟ್ಟದ ಹೊಟ್ಟೆಯನ್ನೇ ಕೊರೆದ ಒಂದು ಹಜಾರ. ಕತ್ತೆತ್ತಿದರೆ ಕಾಣದಷ್ಟು ಎತ್ತರಕ್ಕೆ ಕಲ್ಲಿನ ಅಟ್ಟಗಳು, ಅಟ್ಟದ ತುಂಬ ಗಂಟುಗಳು. ಎಲ್ಲ ಗಂಟುಗಳೂ ಮೆಲ್ಲಗೆ ಹೆಸರು ಕರೆಯುತ್ತಿದ್ದವು. "ದೊಂಬರ ತಿಮ್ಮಕ್ಕಾ... ಜೇನು ಕೀಳುವ ಮಾದಯ್ಯಾ... ಕುರಿಗಾಹಿ ಬೀರಣ್ಣಾ..." ದಾರಿಯ ಮೇಲೆ ಬದುಕುವವರ ಹೆಸರೇ ಎಲ್ಲ. ಆ ಹಜಾರದಲ್ಲಿ ಕಾಲವೂ ನಿಂತುಬಿಟ್ಟಿತ್ತು. ಅಜ್ಜಿಯೊಬ್ಬಳು ಎಂದೋ ಕಳಿಸಿದ ಹೋಳಿಗೆ ಇನ್ನೂ ಬಿಸಿಯಾಗಿತ್ತು. ಎಂದೋ ಆಗಿಹೋದ ಮದುವೆಯ ಮಲ್ಲಿಗೆ ದಂಡೆ ಇನ್ನೂ ಅರಳಿಯೇ ಇತ್ತು. ತೊಟ್ಟಿಲಿಗೆ ಕಟ್ಟಬೇಕಾಗಿದ್ದ ಗಿಲಕಿ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು. ಆ ಮಗು ಈಗ ಮುದುಕನಾಗಿರಬೇಕು. ಮಾಳಿ ಬಾಯಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟಳು. ಇಷ್ಟೊಂದು ಜನ ನಮ್ಮಂಥವರನ್ನು ನೆನೆಸಿಕೊಂಡಿದ್ದರೇ ಅಂತ ಅವಳ ಮೈ ಜುಮ್ಮೆಂದಿತು.

"ದೇವೀರಪ್ಪಾ..." ಅಂತ ಅತ್ತೆಯ ದನಿಯಲ್ಲೇ ಒಂದು ಪುಟ್ಟ ಗಂಟು ಕರೆಯಿತು. ಮಾಳಿ ಓಡಿಹೋಗಿ ಹಿಡಿದು ಎಳೆದಳು. ಅದು ಕಲ್ಲಿಗೆ ಅಂಟಿಕೊಂಡಿತ್ತು. ಎಷ್ಟು ಜಗ್ಗಿದರೂ ಅಲ್ಲಾಡಲಿಲ್ಲ.

ಹಿಂದಿನಿಂದ ನಗು ಕೇಳಿತು. ಚಿಲಕಭೈರ! ತಾಳೆಮರದಷ್ಟು ಎತ್ತರ, ಸೊಂಟದ ತುಂಬ ಬೀಗದ ಕೈ. "ಹೊಸ್ತಿಲಿಲ್ಲ ಅಂತ ನಿನ್ನ ಬಾಯಿಂದಲೇ ಬಂತಲ್ಲ ಹುಡುಗಿ. ಹೊಸ್ತಿಲಿಲ್ಲದವರ ಗಂಟು ನನ್ನದು. ಹೊಸ್ತಿಲಿಲ್ಲದವರೂ ಇನ್ನು ನನ್ನವರೇ. ನಡಿ, ನಿನ್ನವರನ್ನೆಲ್ಲ ಗಂಟು ಕಟ್ಟಿ ಇದೇ ಅಟ್ಟದ ಮೇಲೆ ಇಡುತ್ತೇನೆ."

ಅವಳ ರಟ್ಟೆ ಹಿಡಿದು ಹೊರಟ. ಒಂದು ಹೆಜ್ಜೆಗೆ ಒಂದು ಹೊಳೆ, ಒಂದು ಹೆಜ್ಜೆಗೆ ಒಂದು ಬೆಟ್ಟ. ಅಮಾವಾಸ್ಯೆಯ ಹಿಂದಿನ ದಿನ, ಹೊತ್ತು ಇಳಿಯುವ ಸಮಯಕ್ಕೆ ಗಾಡಿಗಳು ಕಂಡವು. ಒಲೆ ಉರಿಯುತ್ತಿತ್ತು. ಒಲೆಯ ಮುಂದೆ ದೇವೀರಪ್ಪ ಕೂತಿದ್ದ. ದಾರಿಗೂ ಒಲೆಗೂ ನಡುವೆ ನೊಗ ಮಲಗಿತ್ತು, ಅರಿಶಿನ ಕುಂಕುಮ ಇಟ್ಟಿತ್ತು.

ಚಿಲಕಭೈರ ನೊಗದ ಹತ್ತಿರ ಬಂದು ನಿಂತ. ಸುಮ್ಮನೆ ನಿಂತ.

ಮಾಳಿಗೆ ಅರ್ಥವಾಗಲಿಲ್ಲ. ಹೊಳೆ ದಾಟಿದವನು, ಬೆಟ್ಟ ದಾಟಿದವನು, ಒಂದು ಮರದ ತುಂಡಿನ ಮುಂದೆ ಯಾಕೆ ನಿಂತ? ಅವನ ಮುಖ ನೋಡಿದಳು. ಬೆವರು. ಕಾಲು ನೋಡಿದಳು. ಹೆಬ್ಬೆರಳು ನೊಗಕ್ಕೆ ತಾಗಿ ಗಡಗಡ ನಡುಗುತ್ತಿತ್ತು. ಅಷ್ಟರಲ್ಲಿ ಆ ಮಾಂತ್ರಿಕ ತನ್ನ ದನಿಗೆ ಬೆಲ್ಲ ಸವರಿಕೊಂಡು ಕೂಗಿದ: "ನಾನೊಬ್ಬ ದಾರಿಹೋಕ ಅಣ್ಣಾ, ತುಂಬಾ ಬಾಯಾರಿಕೆ."

ದೇವೀರಪ್ಪ ಮುಖವೆತ್ತಿದ. ಅವನಿಗೆ ಕಂಡದ್ದು ಎರಡು ನೆರಳು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕೂಗಿದ ಮಾತು ಅವನ ನಾಲಿಗೆಯ ತುದಿಗೆ ಬಂತು.

"ಅಪ್ಪಾ!" ಮಾಳಿ ಚೀರಿದಳು. "ಕರೀಬೇಡ!"

ಬಾಯಾರಿದವರನ್ನು ಕರೆಯಬೇಡ ಅನ್ನುವ ಮಾತನ್ನು ಆ ಪಂಗಡದಲ್ಲಿ ಯಾರೂ ಆಡಿರಲಿಲ್ಲ, ಯಾರೂ ಕೇಳಿರಲಿಲ್ಲ. "ಏನು ಮಾತು ಅಂತ ಆಡ್ತೀಯ ಮಗಳೇ?" ಅಂದ ದೇವೀರಪ್ಪ. ಅವನ ದನಿ ನೊಂದಿತ್ತು.

"ಒಂದು ಗಳಿಗೆ ತಡಿ ಅಪ್ಪಾ, ನನ್ನಾಣೆ!" ಅಂದವಳೇ ಮಾಂತ್ರಿಕನ ಕಡೆ ತಿರುಗಿದಳು. "ಯಾಕೆ ನಿಂತೆ? ದಾಟು. ನಮಗೆ ಹೊಸ್ತಿಲಿಲ್ಲ ಅಂದೆಯಲ್ಲ, ಇದು ಬರೀ ನೊಗ ತಾನೇ? ದಾಟಿ ಹೋಗಿ ಎಲ್ಲರನ್ನೂ ಗಂಟು ಕಟ್ಟು!"

ಅವನು ಒಂದು ಸಲ ಕಾಲೆತ್ತಿದ. ಕಾಲು ಅಲ್ಲೇ ಬಿತ್ತು. ಎರಡನೆಯ ಸಲ ಮಂತ್ರ ಹಾಕಿ ಎತ್ತಿದ. ಮಂತ್ರವೂ ಬಿತ್ತು, ಕಾಲೂ ಬಿತ್ತು. ಮೂರನೆಯ ಸಲ ಹಲ್ಲು ಕಚ್ಚಿ ನುಗ್ಗಿದ. ಗೋಡೆಗೆ ಹಾಯ್ದ ಗೂಳಿಯ ಹಾಗೆ ಹಿಂದಕ್ಕೆ ಬಿದ್ದ. ಮಾಳಿಯ ರಟ್ಟೆ ಅವನ ಕೈಯಿಂದ ಜಾರಿತು.

ಅವಳು ಲಂಗ ಎತ್ತಿ ಹಿಡಿದು, ನೊಗವನ್ನು ತುಳಿಯದೆ, ಜೋಪಾನವಾಗಿ ದಾಟಿ ಒಳಗೆ ಬಂದಳು. ಬಂದವಳು ಆಕಾಶ ನೋಡಿ ಕೂಗಿದಳು:

"ಇಗೋ ನಮ್ಮ ಹೊಸ್ತಿಲು! ಉಪ್ಪಿನ ಗಾಡಿಯ ದೇವೀರಪ್ಪನ ಹೊಸ್ತಿಲು! ನಮ್ಮ ಕಣ್ಣಿಗೇ ಕಂಡಿರಲಿಲ್ಲ ಕೊಕ್ಕರೆಯಮ್ಮಾ, ಇವನೇ ತೋರಿಸಿಕೊಟ್ಟ!"

ದೂರದಲ್ಲಿ ಕಲ್ಲು ಬಿರಿದ ಸದ್ದಾಯಿತು. ಕೋಟೆಯ ಅಟ್ಟಗಳಿಂದ ಗಂಟುಗಳೆಲ್ಲ ಕಳಚಿಕೊಂಡವು. ಕೊಕ್ಕರೆಗಳು ಬಂದವು. ಒಂದಲ್ಲ, ಎರಡಲ್ಲ, ಆಕಾಶ ಕಾಣದಷ್ಟು ಕೊಕ್ಕರೆಗಳು, ಇಳಿಬಿಸಿಲಲ್ಲಿ ಕೆಂಪು ಕೆಂಪಾಗಿ, ಕೊಕ್ಕು ಕೊಕ್ಕಿಗೂ ಒಂದೊಂದು ಗಂಟು. ಕುರಿಗಾಹಿಯ ಬೀಡಿಗೆ ಒಂದು ಸಾಲು, ದೊಂಬರ ಗುಡಾರಕ್ಕೆ ಒಂದು ಸಾಲು, ಜೇನಿನವರ ಕಾಡಿಗೆ ಒಂದು ಸಾಲು. ಎಲ್ಲಿ ಯಾರು ಒಬ್ಬರನ್ನೊಬ್ಬರು ಒಳಗೆ ಕರೆಯುತ್ತಾರೋ ಅಲ್ಲೆಲ್ಲ ಹೊಸ್ತಿಲಿದೆ ಅಂತ ಅವಕ್ಕೆ ಗೊತ್ತಾಗಿಬಿಟ್ಟಿತ್ತು. ಗಾಡಿಯವರು ಕತ್ತೆತ್ತಿ ನೋಡುತ್ತಾ ನೋಡುತ್ತಾ ಹೆಮ್ಮೆಯ ಮಾತನ್ನೂ ಮರೆತರು. ಹಿಂದೆಯೇ ಕಬ್ಬಿಣ ಕಳಚಿದ ಕೋಣ, ಮಾಟ ಕಳೆದ ಹೆಬ್ಬಾವು, ಗಂಡಭೇರುಂಡ ಮೂರೂ ತಮ್ಮ ತಮ್ಮ ಕಾಡಿಗೆ ಹೊರಟವು. ಕೋಣ ಮಾತ್ರ ಇನ್ನೊಂದು ಹಿಡಿ ಉಪ್ಪು ನೆಕ್ಕಿಯೇ ಹೋಯಿತು.

ಅತ್ತೆಯ ಗಂಟು ಬಂದು ನೊಗದ ಮೇಲೆ ಕೂತಿತು. ಮಾಳಿ ಅಂಜನ ತೆಗೆದು ಅಪ್ಪನ ಕಣ್ಣಿಗೆ ಹಚ್ಚಿದಳು. ದೇವೀರಪ್ಪ ರೆಪ್ಪೆ ಬಡಿದ. ಮೊದಲು ಒಲೆಯ ಬೆಂಕಿ ಕಂಡಿತು. ಆಮೇಲೆ ಮಗಳ ಮುಖ.

"ಎಷ್ಟು ಸೊರಗಿದ್ದೀಯಲ್ಲೇ!" ಅಂದ. ಅಪ್ಪ ಮಗಳು ಇಬ್ಬರೂ ಗೊಳೋ ಅಂತ ಅತ್ತರು.

ಕಣ್ಣು ಒರೆಸಿಕೊಂಡು ದೇವೀರಪ್ಪ ನೊಗದಾಚೆ ನೋಡಿದ. ಅಲ್ಲಿ ದಾರಿಯ ಧೂಳಿನಲ್ಲಿ ಒಬ್ಬ ಸಣ್ಣ ಮುದುಕ ಕೂತಿದ್ದ. ತಾಳೆಮರದ ಎತ್ತರವಿಲ್ಲ, ಬೀಗದ ಕೈಗಳೆಲ್ಲ ತುಕ್ಕು ಹಿಡಿದು ಉದುರಿದ್ದವು. ಗಂಟುಗಳ ಜೊತೆಗೇ ಅವನ ಮಂತ್ರವೂ ಹಾರಿಹೋಗಿತ್ತು. ಹೋಗುತ್ತಿದ್ದ ಕೊಕ್ಕರೆಗಳನ್ನೇ ಅವನು ಪಿಳಿಪಿಳಿ ನೋಡುತ್ತಿದ್ದ. ಅಷ್ಟು ದೊಡ್ಡ ಕೋಟೆ ಕಟ್ಟಿದ್ದ, ಅಷ್ಟು ದೊಡ್ಡ ಹೊಸ್ತಿಲು ಹಾಕಿಸಿದ್ದ; ಅವನ ಹೆಸರಿಗೆ ಮಾತ್ರ ಒಂದು ಗಂಟೂ ಬಂದಿರಲಿಲ್ಲ.

"ಈಗ ಇವನ ಕೈಲಿ ಏನೂ ಇಲ್ಲ, ಅಲ್ವಾ ಮಗಳೇ?"

"ಏನೂ ಇಲ್ಲ ಅಪ್ಪಾ. ತುಟಿ ಒಣಗಿದೆ, ಅಷ್ಟೇ. ಅದು ಮಾತ್ರ ನಿಜ."

ದೇವೀರಪ್ಪ ತಂಬಿಗೆ ತುಂಬಿಕೊಂಡು ಎದ್ದು ನಿಂತ. ಅಷ್ಟು ಹೊತ್ತು ಗಂಟಲಲ್ಲೇ ನಿಂತಿದ್ದ ಮಾತನ್ನು ಬಾಯಿ ತುಂಬ ಆಡಿದ.

"ಬನ್ನಿ, ನೀರು ಕುಡಿದು ಹೋಗಿ."

ಮುದುಕ ಎದ್ದ. ನೊಗದ ಮುಂದೆ ಹೆದರಿ ಹೆದರಿ ಕಾಲೆತ್ತಿದ, ತುಳಿಯದೆ ದಾಟಿದ, ಒಳಗೆ ಬಂದು ಕೂತ. ಆ ತಂಬಿಗೆಯ ನೀರು ಖಾಲಿಯಾಗುವವರೆಗೂ ಅವನು ಅಳುತ್ತಲೇ ಇದ್ದ.

ಆಮೇಲೆ ಆ ರಾಜ್ಯದಲ್ಲಿ ದಾರಿಯ ಮೇಲಿದ್ದವರಿಗೆಲ್ಲ ಬಿಸಿ ಬಿಸಿ ಹೋಳಿಗೆ ಬಂತು, ಕಾಗದ ಬಂತು, ಗಿಲಕಿ ಬಂತು. ಗಾಡಿಗಳು ಉರುಳಿದವು, ಎಲ್ಲರೂ ಉರುಳಿದ ಕಡೆಯೇ ಸುಖವಾಗಿದ್ದರು. ಇಷ್ಟು ಕತೆ ಹೇಳಿ ನನ್ನ ಗಂಟಲೂ ಒಣಗಿದೆ ನೋಡಿ. ನಿಮ್ಮ ಹೊಸ್ತಿಲ ಹತ್ತಿರವೇ ನಿಂತಿದ್ದೇನೆ, ಕರೆಯುತ್ತೀರಾ?