ಆರು ದಿನ, ಮೂವತ್ತೆಂಟು ಕೋಟಿ ವರ್ಷ

"ಕೈ ತೆಗೀರಿ ಅಲ್ಲಿಂದ!"

ಅವಳ ದನಿಗೆ ಕಲ್ಲುಗಳ ಕೋಣೆಯೆಲ್ಲ ಗುಂಯ್‌ಗುಟ್ಟಿತು. ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಿದ್ದ ಯುವಕ ಬೆಚ್ಚಿ ತಿರುಗಿದ. ಅವನ ಉಗುರಿನ ಸಂದಿಯಲ್ಲಿ ಬಿಳಿ ಕಾಗದದ ಚೂರೊಂದು ಸಿಕ್ಕಿಕೊಂಡಿತ್ತು.

ಕೊನೆಗೂ ಸಿಕ್ಕಿಬಿದ್ದ!

ಆ ವಸ್ತುಸಂಗ್ರಹಾಲಯದಲ್ಲಿ ಕಲ್ಲುಗಳ ವಿಭಾಗ ಅವಳದು. ಕಲ್ಲುಗಳನ್ನು ವಿಂಗಡಿಸಿ, ವಯಸ್ಸು ಗೊತ್ತುಮಾಡಿ, ಪ್ರತಿಯೊಂದಕ್ಕೂ ವಿವರದ ಫಲಕ ಬರೆಯುವುದು ಅವಳ ಕೆಲಸ. ಬಾಗಿಲು ಕಾಯುವ ತಾತ ಅವಳನ್ನು ಕರೆಯುತ್ತಿದ್ದುದೇ 'ಕಲ್ಲಕ್ಕ' ಎಂದು.

ಐದು ವಾರಗಳಿಂದ ಕಲ್ಲಕ್ಕನ ನೆಮ್ಮದಿ ಕೆಡಿಸಿದ್ದು ಒಂದು ಚೀಟಿ. ಹೊಸದಾಗಿ ಇಟ್ಟ, ಕಲ್ಲಾಗಿ ಹೋದ ಮೀನೊಂದರ ಫಲಕದಲ್ಲಿ 'ವಯಸ್ಸು: ಸುಮಾರು ಮೂವತ್ತೆಂಟು ಕೋಟಿ ವರ್ಷ' ಎಂದು ಅವಳು ಬರೆದಿದ್ದಳು. ಪ್ರತಿ ಶನಿವಾರ ಯಾರೋ ಆ ಸಾಲಿನ ಮೇಲೆ ಚೀಟಿ ಅಂಟಿಸಿ ಹೋಗುತ್ತಿದ್ದರು. ಮುತ್ತು ಪೋಣಿಸಿದಂಥ ಅಕ್ಷರ... 'ಮೀನು ಹುಟ್ಟಿದ್ದು ಸೃಷ್ಟಿಯ ಐದನೆಯ ದಿನ. ಬೈಬಲಿನ ಆದಿಕಾಂಡ, ಮೊದಲನೆಯ ಅಧ್ಯಾಯ ನೋಡಿ.'

"ನೀವೇನಾ ಇದನ್ನ ಅಂಟಿಸ್ತಿರೋದು?"

ಯುವಕ ಒಂದು ಕ್ಷಣ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"...ಹೌದು. ನಾನೇ."

"ನಾಚಿಕೆ ಆಗಲ್ವಾ? ಓದಿದೋರ ಥರ ಕಾಣ್ತೀರಿ!"

"ಆಗುತ್ತೆ. ಕ್ಷಮಿಸಿ. ಇನ್ನು ಹೀಗಾಗದ ಹಾಗೆ ನೋಡ್ಕೋತೀನಿ."

ಜಗಳಕ್ಕೆ ಸೆರಗು ಬಿಗಿದು ಬಂದವಳು ಪಕ್ಕಕ್ಕೆ ಸರಿದು ನಿಂತಳು. ಅವನು ಕರವಸ್ತ್ರ ಒದ್ದೆ ಮಾಡಿ, ಫಲಕದ ಮೇಲೆ ಉಳಿದಿದ್ದ ಅಂಟನ್ನು ಒಂದು ಗೀರೂ ಬೀಳದಂತೆ ಒರೆಸಿ, ಕೇಳಿದ ಕೂಡಲೇ ದೂರಿನ ಪುಸ್ತಕದಲ್ಲಿ ತನ್ನ ಹೆಸರು ಹೇಳಿ ಬರೆಸಿ, ತಲೆ ತಗ್ಗಿಸಿ ಹೊರಟುಹೋದ.

'ತಪ್ಪು ಮಾಡಿದವನ ಕಣ್ಣು ಹಾಗಿರುತ್ತಾ?' ಎಂದುಕೊಂಡಳು. ಆಮೇಲೆ ತನಗೇಕೆ ಆ ಉಸಾಬರಿ ಎಂದು ಸುಮ್ಮನಾದಳು.

ಹನ್ನೆರಡು ದಿನ ಕಳೆದಿತ್ತು. ಅವಳ ಕನ್ನಡಕದ ಕಾಲು ಕಳಚಿ ಬಂತು. ವಸ್ತುಸಂಗ್ರಹಾಲಯದ ಬೀದಿಯ ಕೊನೆಯಲ್ಲೇ ಒಂದು ಕನ್ನಡಕದ ಅಂಗಡಿ. ಬಾಗಿಲು ತಳ್ಳಿ ಒಳಗೆ ಹೋದರೆ ಗಲ್ಲಾಪೆಟ್ಟಿಗೆಯ ಹಿಂದೆ... ಅವನೇ!

ಅವಳು ಕನ್ನಡಕವನ್ನು ಎತ್ತಿ ತೋರಿಸಿದಳು.

"ಕೊಡಿ," ಎಂದ ಅವನು, ಕೈಚಾಚಿ. "ಗಾಜಿಗೇನೂ ಆಗಿಲ್ಲ. ತಿರುಪು ಸವೆದಿದೆ. ನಾಳೆ ಬನ್ನಿ."

ಅವನು ಚೀಟಿ ಬರೆದುಕೊಟ್ಟ. ಕಲ್ಲಕ್ಕ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಕಾಗೆ ಕಾಲು, ಗುಬ್ಬಿ ಕಾಲು!

"ಇದು ನಿಮ್ಮ ಅಕ್ಷರಾನಾ?"

"ಕನ್ನಡಕ ಇಲ್ದೆ ಓದಿದ್ರೆ ಎಲ್ಲರ ಅಕ್ಷರಾನೂ ಹಾಗೇ ಕಾಣುತ್ತೆ ಮೇಡಂ."

"ನಗಿಸ್ಬೇಡಿ. ಆ ಮೀನಿನ ಚೀಟಿ ಬರೆದಿದ್ದು ನೀವಲ್ಲ. ಯಾರ ತಪ್ಪನ್ನ ತಲೆ ಮೇಲೆ ಹೊತ್ಕೊಂಡ್ರಿ?"

ಅವನ ನಗು ನಿಂತಿತು.

"ಅಪ್ಪ," ಎಂದ ಮೆಲ್ಲಗೆ. "ಶಾಲೆ ಮೇಷ್ಟ್ರಾಗಿದ್ರು. ಚರ್ಚಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಅವರದೇ, ನಲವತ್ತು ವರ್ಷದಿಂದ. ಅಮ್ಮ ಹೋಗಿ ಎರಡು ವರ್ಷ ಆಯ್ತು. ಆಮೇಲಿಂದ ಒಂಥರಾ ಆಗಿದಾರೆ. ಆ ಶನಿವಾರ ಜೇಬಲ್ಲಿ ಅಂಟಿನ ಬಾಟ್ಲಿ ಹಾಕ್ಕೊಂಡು ಹೊರಟ್ರು. ಅನುಮಾನ ಬಂದು ಹಿಂದೆ ಬಂದೆ. ಅವರು ಅಂಟಿಸಿ ಹೋದ್ರು, ನಾನು ಕೀಳ್ತಾ ಇದ್ದೆ... ನೀವು ಬಂದ್ರಿ."

"ಅದನ್ನ ಅವತ್ತೇ ಹೇಳಬಹುದಿತ್ತಲ್ಲ!"

"ನಿಮ್ಮ ದೂರಿನ ಪುಸ್ತಕದಲ್ಲಿ ಮೇಷ್ಟ್ರ ಹೆಸರು ಬರೋದು ನಂಗೆ ಬೇಡವಾಗಿತ್ತು. ಈ ಊರಲ್ಲಿ ಅರ್ಧ ಜನ ಅವರ ಹತ್ರಾನೇ ಅಕ್ಷರ ಕಲಿತೋರು. ನನ್ನೊಬ್ಬನ್ನ ಬಿಟ್ಟು!"

ಅವಳು ನಕ್ಕುಬಿಟ್ಟಳು. ಮರುದಿನ ಮೊದಲ ಕೆಲಸವೆಂದು ದೂರಿನ ಪುಸ್ತಕದಲ್ಲಿ ಅವನ ಹೆಸರು ಹೊಡೆದುಹಾಕಿದಳು.

ಆಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಅವನು ವಸ್ತುಸಂಗ್ರಹಾಲಯದ ಹಿಂದಿನ ಮೆಟ್ಟಿಲಿಗೆ ಬರತೊಡಗಿದ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. 'ರೀ' ಹೋಗಿ 'ನೀನು' ಬಂತು. ಅದು ಯಾವತ್ತು ಬಂತೆಂದು ಇಬ್ಬರಿಗೂ ನೆನಪಿರಲಿಲ್ಲ.

"ಮೂವತ್ತೆಂಟು ಕೋಟಿ ಅಂತ ನಿಂಗೆ ಹೇಗೆ ಗೊತ್ತು? ಮೀನೇನು ಹುಟ್ಟಿದ ತಾರೀಖು ಬರೆದಿಟ್ಟಿತ್ತಾ?"

"ಮೀನಿದ್ದ ಪದರದ ಮೇಲೂ ಕೆಳಗೂ ಜ್ವಾಲಾಮುಖಿಯ ಬೂದಿ ಇದೆ. ಬೂದೀಲಿ ಸಣ್ಣ ಹರಳು. ಅದರೊಳಗಿನ ಒಂದು ಧಾತು ಒಂದೇ ಗತಿಯಲ್ಲಿ ಇನ್ನೊಂದಾಗಿ ಬದಲಾಗ್ತಾ ಇರುತ್ತೆ. ಎಷ್ಟು ಬದಲಾಗಿದೆ, ಎಷ್ಟು ಉಳಿದಿದೆ ಅಂತ ಅಳೆದ್ರೆ ವಯಸ್ಸು ಸಿಗುತ್ತೆ."

"ಮತ್ತೆ ಭಾನುವಾರ ನಿಮ್ಮ ಚರ್ಚಲ್ಲಿ ಹಾಡ್ತೀನಿ ಅಂತೀಯಾ! ಎರಡೂ ಒಳಗೊಳಗೆ ಜಗಳ ಆಡಲ್ವಾ?"

"ಆಡ್ತಿದ್ವು. ಕಾಲೇಜಲ್ಲಿ ಎರಡು ವರ್ಷ ಪ್ರಾರ್ಥನೇನೇ ಬಿಟ್ಟಿದ್ದೆ. ಒಂದಿನ ಆ ಅಧ್ಯಾಯಾನ ಮತ್ತೆ ನಿಧಾನವಾಗಿ ಓದಿದೆ. ಭೂಮಿಗೆ ಎಷ್ಟು ವಯಸ್ಸು ಅಂತ ಅದು ಹೇಳೋಕೇ ಹೊರಟಿಲ್ಲ ಅನ್ನಿಸ್ತು. ಇದೆಲ್ಲ ಯಾರದು, ಇದು ಒಳ್ಳೇದಾ ಅಂತ ಹೇಳ್ತಿದೆ... ಅಮ್ಮಂಗೆ ಮಾತ್ರ ಇವತ್ತಿಗೂ ಅರ್ಥ ಆಗಿಲ್ಲ. ಚರ್ಚಲ್ಲಿ ಕೇಳಿದೋರಿಗೆಲ್ಲ 'ಮಗಳು ಯಾವುದೋ ಆಫೀಸಲ್ಲಿದಾಳೆ' ಅಂತಾಳೆ. ಬಂದ ಒಂದು ಸಂಬಂಧಾನೂ ಇದೇ ವಿಷಯಕ್ಕೆ ಮುರಿದುಹೋಯ್ತು."

"ಅವರಿಗೆ ದೃಷ್ಟಿ ದೋಷ," ಎಂದ ಅವನು. "ನನ್ನ ಅಂಗಡಿಗೆ ಕಳಿಸಬೇಕಿತ್ತು."

ಅವಳಿಗೆ ಎದೆಯೊಳಗೆ ಏನೋ ಹಗುರಾಯಿತು. 'ಇವನ ಮುಂದೆ ನಾನು ಏನನ್ನೂ ಬಚ್ಚಿಡಬೇಕಿಲ್ಲ...'

ಆದರೆ ಆರನೆಯ ತಿಂಗಳು, ಅದೇ ಮೆಟ್ಟಿಲ ಮೇಲೆ, ಅವನು ಕೇಳಬಾರದ್ದನ್ನು ಕೇಳಿದ.

"ಈ ಭಾನುವಾರ ಮನೆಗೆ ಬಾ. ಅಪ್ಪಂಗೆ ಪರಿಚಯ ಮಾಡಿಸ್ತೀನಿ. ಆದ್ರೆ... ಕೆಲಸದ ವಿಷಯ ಈಗಲೇ ಬೇಡ. ಆಫೀಸು ಅಂತ ಹೇಳೋಣ. ಮದುವೆ ಒಂದು ಆಗಿಬಿಡ್ಲಿ, ಆಮೇಲೆ ನಿಧಾನವಾಗಿ..."

ಅವಳ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

"ಎಲ್ಲಾ ಗೊತ್ತಿದ್ದೂ ನೀನು ಇದನ್ನ ಕೇಳ್ತೀಯಾ?"

"ಅಪ್ಪ ನೊಂದಿದಾರೆ. ಅವರಿಗೆ ಇನ್ನೊಂದು ಪೆಟ್ಟು ಬೀಳೋದು ಬೇಡ ಅಂತ..."

"ನಾನು ಪೆಟ್ಟಾ?"

"ಹಾಗಲ್ಲ ಕಣೇ..."

"ಅಪ್ಪನ ತಪ್ಪನ್ನ ಮುಚ್ಚೋಕೆ ಅವತ್ತು ನೀನು ಸುಳ್ಳು ಹೇಳಿದೆ. ಒಳ್ಳೇ ಮಗ ಅಂದ್ಕೊಂಡೆ. ಇವತ್ತು ನನ್ನನ್ನೂ ತಪ್ಪಿನ ಥರ ಮುಚ್ಚಿಡ್ತೀಯಲ್ಲ! ಅಮ್ಮನ ಮನೇಲಿ ಬಚ್ಚಿಟ್ಕೊಂಡು ಬದುಕಿದ್ದು ಸಾಕು. ಇನ್ನೊಂದು ಮನೇಲಿ ಬೇಡ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತಳು. ಆಮೇಲೆ ಮುಖ ತೊಳೆದು ಅವತ್ತಿನ ಪಟ್ಟಿಯಲ್ಲಿ ಉಳಿದಿದ್ದ ಹದಿನಾಲ್ಕು ಕಲ್ಲುಗಳನ್ನು ತೂಗಿ ಬರೆದಿಟ್ಟಳು. ಮೂರು ವಾರ ಅವಳು ಅವನ ಫೋನ್ ಎತ್ತಲಿಲ್ಲ. ಅಂಗಡಿಯ ಮುಂದೆ ಹೋಗಬಾರದೆಂದು ಎರಡು ಬೀದಿ ಸುತ್ತಿ ಬರುತ್ತಿದ್ದಳು.

ನಾಲ್ಕನೆಯ ವಾರದ ಮಂಗಳವಾರ ಬೆಳಗ್ಗೆ ಬಾಗಿಲ ತಾತ ಬಂದ.

"ಕಲ್ಲಕ್ಕ, ವಯಸ್ಸಾದೋರೊಬ್ರು ಆ ಮೀನಿನ ಮುಂದೆ ನಿಂತು ಅರ್ಧ ಗಂಟೆ ಆಯ್ತು. ಮೇಷ್ಟ್ರ ಥರ ಕಾಣ್ತಾರೆ."

ಅವಳು ಕೈಲಿದ್ದ ಕಲ್ಲನ್ನು ಕೆಳಗಿಟ್ಟು ಎದ್ದಳು. ಹೋಗಿ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಎತ್ತರದ ಮುದುಕರು. ಕೈ ಜೇಬಿನೊಳಗೆ ಹೋಗುತ್ತಿತ್ತು. 'ಮತ್ತೆ ಚೀಟಿ!' ಎಂದುಕೊಂಡಳು. ಕೈ ಹೊರಗೆ ಬಂದಾಗ ಅದರಲ್ಲಿದ್ದದ್ದು ಕನ್ನಡಕ. ಅವರು ಅದನ್ನು ಹಾಕಿಕೊಂಡು ಫಲಕವನ್ನು ಮೊದಲಿಂದ ಕೊನೆಯವರೆಗೆ ಓದಿದರು.

"ಇದನ್ನ ಬರೆದಿದ್ದು ನೀನೇನಾಮ್ಮಾ?"

"ಹೌದು ಮೇಷ್ಟ್ರೇ."

"ಕಾಗುಣಿತದ ತಪ್ಪು ಒಂದೂ ಇಲ್ಲ," ಎಂದರು. "ಚೀಟಿ ಅಂಟಿಸ್ತಿದ್ದೋನು ನಾನು. ನನ್ನ ಮಗ ಅಲ್ಲ."

"ಗೊತ್ತು."

"ನಿನ್ನೆ ಊಟಕ್ಕೆ ಕೂತಾಗ ಅವನು ಎಲ್ಲಾ ಹೇಳಿದ. ಮದುವೆ ಅಂತ ಆದ್ರೆ ಆ ಮೀನಿನ ವಯಸ್ಸು ಬರೆದೋಳನ್ನೇ ಅಂದ. 'ನಿಮಗೆ ಹೆದರಿ ಅವಳಿಗೆ ಅವಮಾನ ಮಾಡಿದೆ ಅಪ್ಪಾ' ಅಂದ. ನಲವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಅಂತ ಕಲಿಸಿದೆ. ನನ್ನ ಮಗ ನಂಗೆ ಹೆದರಿ ಸುಳ್ಳಿಗೆ ಬಿದ್ದ."

ಅವಳು ಅವರನ್ನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿ ನೀರು ತಂದುಕೊಟ್ಟಳು. ಮೇಷ್ಟ್ರು ಒಂದು ಗುಟುಕು ಕುಡಿದರು.

"ನಂಗೆ ನಿನ್ನ ಕಲ್ಲಿನ ಮೇಲೆ ಸಿಟ್ಟಿಲ್ಲಮ್ಮ. ಭಯ. ನನ್ನ ಹೆಂಡತಿ ತೀರಿಕೊಂಡಾಗ ಹಳೇ ವಿದ್ಯಾರ್ಥಿಯೊಬ್ಬ ಬಂದಿದ್ದ. ದೊಡ್ಡ ಓದು ಓದಿದಾನೆ. 'ಮೇಷ್ಟ್ರೇ, ಆರು ದಿನದ ಸೃಷ್ಟೀನೇ ಸುಳ್ಳು ಅಂದಮೇಲೆ ಸತ್ತೋರು ಮತ್ತೆ ಏಳ್ತಾರೆ ಅನ್ನೋದೂ ಸುಳ್ಳೇ ಅಲ್ವಾ?' ಅಂದ. ಅವನು ಮಾತಿಗೆ ಅಂದಿದ್ದು... ಆದ್ರೆ ನಾನು ಮಣ್ಣು ಹಾಕಿ ಬಂದು ಮೂರು ದಿನ ಆಗಿತ್ತು. ಒಂದು ಎಳೆ ಬಿಚ್ಚಿದ್ರೆ ಇಡೀ ಬಟ್ಟೆ ಬಿಚ್ಚಿಹೋಗುತ್ತೆ ಅನ್ನಿಸ್ತು. ಆ ಎಳೇನ ಹಿಡ್ಕೊಳ್ಳೋಕೆ ಇಲ್ಲಿಗೆ ಬರ್ತಿದ್ದೆ."

ಬೇರೆಯವರಾಗಿದ್ದರೆ ಸಮಾಧಾನಕ್ಕೆ ಏನಾದರೂ ಹೇಳಿಬಿಡುತ್ತಿದ್ದಳು. ಇವರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಮೀನಿಗೆ ಮೂವತ್ತೆಂಟು ಕೋಟಿ ವರ್ಷ ಆಗಿದೆ ಮೇಷ್ಟ್ರೇ. ನಿಮಗೋಸ್ಕರ ಅದನ್ನ ಕಮ್ಮಿ ಮಾಡೋಕಾಗಲ್ಲ. ಆದ್ರೆ ಒಂದು ಕೇಳ್ಲಾ? ಆ ಅಧ್ಯಾಯದಲ್ಲಿ ಸೂರ್ಯ ಯಾವ ದಿನ ಬರ್ತಾನೆ?"

"ನಾಲ್ಕನೇ ದಿನ."

"ಹಾಗಾದ್ರೆ ಮೊದಲ ಮೂರು ದಿನ ಬೆಳಗು, ಸಂಜೆ ಹೇಗೆ ಆಯ್ತು?"

ಮೇಷ್ಟ್ರ ಮುಖದಲ್ಲಿ ಹಳೆಯ ಪಾಠದ ಕಳೆ ಬಂತು.

"ಅದನ್ನ ಪ್ರತಿ ವರ್ಷ ಯಾವುದಾದ್ರೂ ಮಗು ಕೇಳೇ ಕೇಳುತ್ತೆ! ನಾನು ಹಲಗೆ ಮೇಲೆ ಎರಡು ಸಾಲು ಬರೀತಿದ್ದೆ. ಮೊದಲ ಮೂರು ದಿನ ಕೋಣೆ ಕಟ್ಟೋದು. ಬೆಳಕು-ಕತ್ತಲು, ಆಕಾಶ-ಸಮುದ್ರ, ನೆಲ. ಮುಂದಿನ ಮೂರು ದಿನ ಅದೇ ಕೋಣೆಗಳನ್ನ ತುಂಬೋದು. ಸೂರ್ಯ-ಚಂದ್ರ, ಹಕ್ಕಿ-ಮೀನು, ಪ್ರಾಣಿ-ಮನುಷ್ಯ."

"ಅಂದ್ರೆ ಬರೆದೋರು ದಿನ ಎಣಿಸ್ತಿದ್ರಾ, ಮನೆ ತೋರಿಸ್ತಿದ್ರಾ?"

ಅವರು ಎದ್ದು ಹೋಗಿ ಮೀನನ್ನು ಮತ್ತೊಮ್ಮೆ ನೋಡಿ ಬಂದು ಕೂತರು.

"ನೀನು ಹೇಳೋದು ನಂಗೆ ಪೂರ್ತಿ ಒಪ್ಪಿಗೆ ಇಲ್ಲಮ್ಮ," ಎಂದರು ಕೊನೆಗೆ. "ದಿನ ಅಂದ್ರೆ ದಿನಾನೇ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು. ಈ ವಯಸ್ಸಲ್ಲಿ ಒಂದು ಬೆಳಗ್ಗೆಗೆ ಅದು ಹೋಗಲ್ಲ."

"ಹೋಗಬೇಕು ಅಂತಾನೂ ನಾನು ಹೇಳಲ್ಲ."

"ಅವಳನ್ನ... ನನ್ನ ಹೆಂಡತೀನ... ಮತ್ತೆ ನೋಡ್ತೀನಾ? ನಿನ್ನ ಕಲ್ಲು ಏನನ್ನುತ್ತೆ?"

"ಕಲ್ಲು ಎಷ್ಟು ಹಳೇದು ಅಂತ ಅಳೆಯೋಕೆ ನನ್ನ ಹತ್ರ ಯಂತ್ರ ಇದೆ. ಇದನ್ನ ಅಳೆಯೋ ಯಂತ್ರ ಇಲ್ಲ. ನೋಡ್ತೀರಿ ಅಂತ ಕಲ್ಲು ಹೇಳಲ್ಲ, ನೋಡಲ್ಲ ಅಂತಾನೂ ಹೇಳಲ್ಲ. ನಾನು ಮಾತ್ರ ನಂಬ್ತೀನಿ ಮೇಷ್ಟ್ರೇ. ಕಲ್ಲಿನ ವಯಸ್ಸು ಗೊತ್ತಿದ್ದೂ ನಂಬ್ತೀನಿ."

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಏಳುವಾಗ ಅವಳ ತಲೆಯ ಮೇಲೆ ಕೈಯಿಟ್ಟರು.

"ಅವನು ಬೆಳಗ್ಗೆ ಏನೂ ತಿಂದಿಲ್ಲಮ್ಮ. ಹೋಗಿ ಒಂದು ಮಾತಾಡು. ಬೈಯೋದಿದ್ರೂ ಬೈದು ಬಾ."

ಅವಳು ಅಂಗಡಿಗೆ ಹೋದಾಗ ಮಧ್ಯಾಹ್ನ ಹನ್ನೆರಡು. ಅವನು ಒಬ್ಬನೇ ಕೂತು ಗಾಜೊಂದನ್ನು ಚೌಕಟ್ಟಿಗೆ ಕೂರಿಸುತ್ತಿದ್ದ. ತಲೆ ಎತ್ತಿದ. ಮುಖ ಇಳಿದುಹೋಗಿತ್ತು.

"ಅಪ್ಪ ಬಂದಿದ್ರಾ?"

"ಬಂದಿದ್ರು."

"ಏನಾದ್ರೂ ಅಂದ್ರಾ?"

"ನನ್ನ ಕಾಗುಣಿತಕ್ಕೆ ಪೂರ್ತಿ ಅಂಕ ಕೊಟ್ರು. ಆರು ದಿನದ ವಿಷಯದಲ್ಲಿ ಇನ್ನೂ ಜಗಳ ಉಳ್ಕೊಂಡಿದೆ."

ಅವನು ಎದ್ದು ಬಂದ. ಒಂದು ಮಾರು ದೂರದಲ್ಲೇ ನಿಂತ.

"ನಾನು ಹೇಡಿ. ಎಲ್ಲರನ್ನೂ ನೋವಿಂದ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ. ಯಾರಿಗೂ ಸತ್ಯ ಹೇಳೋ ಧೈರ್ಯ ಇರಲಿಲ್ಲ, ಅಷ್ಟೇ. ನೀನು ಮತ್ತೆ ಮಾತಾಡ್ತೀಯ ಅನ್ನೋ ಆಸೆಯಿಂದಲ್ಲ ನಾನು ಅಪ್ಪಂಗೆ ಹೇಳಿದ್ದು. ಮಾತಾಡದೇ ಇದ್ರೂ ಹೇಳಲೇಬೇಕಿತ್ತು. ಅದಕ್ಕೇ ಹೇಳಿದೆ."

"ಗೊತ್ತು. ಅದಕ್ಕೇ ಬಂದೆ," ಎಂದಳು ಅವಳು. "ಮೂರು ವಾರ ಎರಡು ಬೀದಿ ಸುತ್ತಿ ಸುತ್ತಿ ಕಾಲು ನೋಯ್ತಿದೆ ಕಣೋ. ನಂಗೆ ನೀನು ಬೇಕು. ಕಲ್ಲೂ ಬೇಕು, ಚರ್ಚೂ ಬೇಕು, ನಿಮ್ಮಪ್ಪನ ಜಗಳಾನೂ ಬೇಕು. ಆಗುತ್ತಾ?"

ಅವನು ಅವಳ ಎರಡೂ ಕೈ ಹಿಡಿದುಕೊಂಡ.

"ಆಗುತ್ತೆ... ಒಂದೇ ಭಯ. ನಾಳೆ ನಮ್ಮ ಮಗು 'ಮೀನು ಹುಟ್ಟಿ ಎಷ್ಟು ದಿನ ಆಯ್ತು' ಅಂತ ಕೇಳಿದ್ರೆ, ನೀನೊಂದು ಹೇಳ್ತೀಯ, ತಾತ ಒಂದು ಹೇಳ್ತಾರೆ. ನಾನೇನು ಮಾಡ್ಲಿ?"

"ಅಯ್ಯೋ! ಕೂಸು ಹುಟ್ಟೋ ಮುಂಚೆ ಕುಲಾವಿ!" ಕಣ್ಣೀರಿನ ನಡುವೆಯೇ ಅವಳು ನಕ್ಕಳು. "ಇಬ್ಬರ ಮಾತೂ ಕೇಳು ಅಂತ ಮಗೂಗೆ ಹೇಳು."

"ನಾನು?"

"ನೀನೂ ಪಕ್ಕದಲ್ಲಿ ಕೂತ್ಕೊಂಡು ಕೇಳು. ಈಗ ನಡಿ, ಮೊದಲು ಏನಾದ್ರೂ ತಿನ್ನು."