ಒಂಬತ್ತನೇ ಮೈಲಿಯ ನೀರು

ಜುಲೈ ಹದಿನೈದು, ಬುಧವಾರ, ಬೆಳಿಗ್ಗೆ ಎಂಟು ಇಪ್ಪತ್ತು. ಸಿಲಾಸ್ ಕೌಂಟಿಯ ಶೆರಿಫ್ ಕಚೇರಿಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಸರು ರೋಸಾಲ್ವಾ ಕಿಂಟಾನಾ, ವಯಸ್ಸು ಇಪ್ಪತ್ತೇಳು, ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಕೋಣೆ ಗುಡಿಸುವ ಕೆಲಸ. ಕೈಯಲ್ಲಿದ್ದ ಪತ್ರಿಕೆಯನ್ನು ಮೇಜಿನ ಮೇಲೆ ಹರವಿ ಬೆರಳಿಟ್ಟಳು.

"ಇದನ್ನ ಹೇಳಿದೋರು ಯಾರು?"

ಡಿಟೆಕ್ಟಿವ್ ಸಾರ್ಜೆಂಟ್ ಎಲ್ವಾ ಶಮ್ವೇ ಓದಿದಳು. ಹಿಂದಿನ ದಿನ ಮ್ಯೂಲ್ ರಿಮ್ ಹಾದಿಯಲ್ಲಿ ನಾಲ್ವರು ಪ್ರವಾಸಿಗಳನ್ನು ಸೈಕಲ್ ಸವಾರಿಗೆ ಕರೆದೊಯ್ದ ಗೈಡ್ ಇಮೆಲ್ಡಾ ಕಿಂಟಾನಾ ಬಿಸಿಲಿನ ಹೊಡೆತಕ್ಕೆ ಸತ್ತಿದ್ದಳು. ದಾರಿಯಲ್ಲಿ ಮುಂಚಿತವಾಗಿ ನೀರು ಇಟ್ಟು ಬರಲು ಗೈಡ್ ಮರೆತದ್ದೇ ಕಾರಣ ಎಂದು ಕಾಪರ್ ಮೇಸಾ ಸವಾರಿ ಕಂಪನಿ ಹೇಳಿಕೆ ಕೊಟ್ಟಿತ್ತು.

"ನಮ್ಮಕ್ಕ ನೀರು ಮರೆಯೋಳಲ್ಲ ಮೇಡಂ. ಸೋಮವಾರ ಸಾಯಂಕಾಲ ಒಂದೊಂದು ಗ್ಯಾಲನ್ನಿನ ಎಂಟು ಕ್ಯಾನ್ ತುಂಬಿಸಿದ್ದು ನಾನೇ. ಒಂದೊಂದರ ಮೇಲೂ ಅವಳು ಹೆಸರು, ತಾರೀಖು ಬರೆದಳು."

"ಇಟ್ಟಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ವಾಪಸ್ ಬಂದಾಗ ಸೈಕಲ್ ಹಿಂದೆ ಕಟ್ಟಿದ ಗಾಡಿ ಖಾಲಿ ಇತ್ತು. ಎಂಟು ಗ್ಯಾಲನ್ ಅವಳೊಬ್ಬಳೇ ಕುಡಿದು ಬಂದಳು ಅಂತೀರಾ?"

ಎಲ್ವಾ ಹಾಳೆ ಎಳೆದುಕೊಂಡು ಬರೆಯತೊಡಗಿದಳು.

"ನಾಲ್ಕು ಜನರನ್ನ ಕೊಲ್ಲೋಕೆ ಹೊರಟಿದ್ದಳು, ಕೊನೆಗೆ ತಾನೇ ಸತ್ತಳು ಅಂತ ಅಂಗಡಿಯಲ್ಲಿ ಮಾತಾಡ್ತಿದಾರೆ. ನಮ್ಮಮ್ಮ ಬಾಗಿಲು ಹಾಕ್ಕೊಂಡು ಕೂತಿದಾಳೆ. ನಮ್ಮಕ್ಕನ್ನ ಬದುಕಿಸಿ ಕೊಡಿ ಅಂತ ಕೇಳೋಕೆ ಬಂದಿಲ್ಲ. ಅವಳ ಹೆಸರಿಗೆ ಬಳಿದಿರೋ ಮಸಿ ಒರೆಸಿ."

ಎಂಟು ಐವತ್ತಕ್ಕೆ ಪ್ರಥಮ ವರ್ತಮಾನ ವರದಿ ದಾಖಲಾಯಿತು. ಅಸಹಜ ಸಾವು, ಅನುಮಾನಾಸ್ಪದ.

ಈ ಸೀಮೆಯಲ್ಲಿ ಇನ್ನೊಬ್ಬರು ದಾರಿಗಿಟ್ಟ ನೀರನ್ನು ತಾರೀಖು ದಾಟುವ ಮುನ್ನ ಮುಟ್ಟುವವರಿಲ್ಲ. ಸೈಕಲ್ ಕದಿಯುತ್ತಾರೆ, ಗಾಡಿಯ ಚಕ್ರ ಬಿಚ್ಚುತ್ತಾರೆ, ನೀರು ಮುಟ್ಟುವುದಿಲ್ಲ. ಇಟ್ಟ ಜಾಗದಲ್ಲಿ ನೀರಿಲ್ಲದಿದ್ದರೆ ಅಲ್ಲಿಂದಲೇ ಹಿಂದಿರುಗಬೇಕು, ಅದರಲ್ಲಿ ಎರಡು ಮಾತಿಲ್ಲ. ಇವನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾನೂನುಗಳಿಗಿಂತ ಹೆಚ್ಚು ಜೀವ ಉಳಿಸಿರುವುದು ಇವೇ.

ಒಂಬತ್ತೂವರೆಗೆ ಎಲ್ವಾ ಮತ್ತು ಡೆಪ್ಯುಟಿ ರೂಬೆನ್ ಎಟ್ಸಿಟಿ ಹೊರಟರು. ಜೀಪ್ ದಾರಿ ಹಾದಿಯನ್ನು ಸೇರುವುದು ಆರನೇ ಮೈಲಿಯಲ್ಲಿ. ಅಲ್ಲಿಂದ ಮುಂದಕ್ಕೆ ನಡಿಗೆ. ಎಲ್ವಾ ಬಕೆಟ್ಟಿನಲ್ಲಿ ಎರಡು ಹತ್ತಿ ಅಂಗಿ ಅದ್ದಿ ಒಂದನ್ನು ರೂಬೆನ್‌ನತ್ತ ಎಸೆದಳು.

"ನಾನು ಇಲ್ಲೇ ಹುಟ್ಟಿದೋನು ಸಾರ್ಜೆಂಟ್. ನಮ್ಮಜ್ಜಿ ಈ ಬಿಸಿಲಲ್ಲೇ ಕುರಿ ಮೇಯಿಸ್ತಿದ್ದಳು."

"ನಿಮ್ಮಜ್ಜಿ ಹತ್ತು ಗಂಟೆಗೆ ಕುರಿ ಹೊಡ್ಕೊಂಡು ಬಂಡೆ ನೆರಳಿಗೆ ಸೇರ್ತಿದ್ದಳು. ನೀನು ಹತ್ತು ಗಂಟೆಗೆ ಹೊರಟಿದೀಯ. ಹಾಕ್ಕೋ. ಉಪ್ಪಿನ ಪುಡಿ ಬೆರೆಸಿದ ಬಾಟಲಿ ನಿನ್ನದು, ಬಾಯಾರೋವರೆಗೂ ಕಾಯಬೇಡ. ಗಂಟೆಗೊಂದು ಲೀಟರು."

ಹನ್ನೊಂದು ಹತ್ತಕ್ಕೆ ಅವರು ಒಂಬತ್ತನೇ ಮೈಲಿಯಲ್ಲಿದ್ದರು. ಉಷ್ಣಮಾಪಕ ನೂರಾ ಆರು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ಅಂದರೆ ನಲವತ್ತೊಂದು ಸೆಲ್ಸಿಯಸ್. ಅಲ್ಲಿಂದ ಮುಂದೆ ಹಾದಿ ಕಣಿವೆಗೆ ಇಳಿಯುತ್ತದೆ. ಆರು ಮೈಲಿ ಮರಳು, ಎರಡೂ ಕಡೆ ಕೆಂಪು ಗೋಡೆ, ಕೈಯಗಲ ನೆರಳಿಲ್ಲ. ಊರಿನವರು ಅದನ್ನು ಬಾಣಲೆ ಎನ್ನುತ್ತಾರೆ.

ಜೂನಿಪರ್ ಗಿಡದ ಬುಡದಲ್ಲಿ ಕ್ಯಾನ್ ಇರಲಿಲ್ಲ. ಆದರೆ ನುಣುಪಾದ ಮರಳಿನಲ್ಲಿ ಎಂಟು ಚೌಕ ಗುರುತುಗಳಿದ್ದವು. ಎಲ್ವಾ ಫೋಟೊ ತೆಗೆಸಿದಳು, ಅಳೆಸಿದಳು, ಪಂಚನಾಮೆಯಲ್ಲಿ ಬರೆಸಿದಳು.

"ಹಾಗಾದ್ರೆ ಇಟ್ಟಿದ್ದಳು," ಎಂದ ರೂಬೆನ್. "ಯಾವನೋ ಕದ್ದ."

"ಎಂಟು ಗ್ಯಾಲನ್ ಅಂದ್ರೆ ಮೂವತ್ತು ಕಿಲೋ. ಕದ್ದೋನು ಎಷ್ಟು ದೂರ ಹೊತ್ತಾನು?"

ಅಲ್ಲಿಂದ ಬೂಟಿನ ಗುರುತು ಅವರಿಬ್ಬರು ನಡೆದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿತ್ತು. ಹೋಗಿ, ಬಂದು, ಮತ್ತೆ ಹೋಗಿತ್ತು. ಭಾರ ಹೊತ್ತ ಹೆಜ್ಜೆ, ಹಿಮ್ಮಡಿ ಆಳಕ್ಕೆ ಕೂತಿತ್ತು. ಅದನ್ನು ಹಿಡಿದು ಅರ್ಧ ಮೈಲಿ ನಡೆದಾಗ ರೂಬೆನ್ ತಟ್ಟನೆ ನಿಂತ.

ಆಳೆತ್ತರದ ಬಂಡೆಯ ಹಿಂದೆ ಎಂಟು ಕ್ಯಾನ್. ಎಂಟೂ ತುಂಬಿದ್ದವು, ಒಂದರ ಮುಚ್ಚಳವನ್ನೂ ತೆರೆದಿರಲಿಲ್ಲ. ಪ್ರತಿಯೊಂದರ ಮೇಲೂ ದಪ್ಪ ಅಕ್ಷರ: ಇಮೆಲ್ಡಾ, ಐದು ಜನ, ಜುಲೈ ಹದಿನಾಲ್ಕು. ನೆಲದ ಕಾವು ತಾಗದ ಹಾಗೆ ಪ್ರತಿ ಕ್ಯಾನಿನ ಬುಡಕ್ಕೂ ಚಪ್ಪಟೆ ಕಲ್ಲು ಕೊಟ್ಟಿತ್ತು. ಮೇಲೆ ಹತ್ತಿ ಚೀಲ ಹೊದಿಸಿತ್ತು.

ಎಲ್ವಾ ಹಾದಿಯ ಮೇಲೆ ಹೋಗಿ ನಿಂತು ನೋಡಿದಳು. ಒಂಬತ್ತನೇ ಮೈಲಿಯ ಕಡೆಗೆ ಹೋಗುವವರಿಗೆ ಬರೀ ಬಂಡೆ. ಅಲ್ಲಿಂದ ಹಿಂದಿರುಗುವವರ ಕಣ್ಣಿಗೆ ಮಾತ್ರ ಎಂಟೂ ಕ್ಯಾನ್ ರಾಚುತ್ತಿದ್ದವು.

"ಇದೆಂಥ ಕಳ್ಳತನ ಸಾರ್ಜೆಂಟ್? ಕದ್ದು, ಕಲ್ಲು ಕೊಟ್ಟು, ಬಟ್ಟೆ ಹೊದಿಸಿ ಹೋಗಿದಾನೆ. ಇದು ಗೈಡ್ ಕೈಕೆಲಸ."

"ಕಳ್ಳತನ ಅಲ್ಲ. ಅವರನ್ನ ಹಿಂದಕ್ಕೆ ತಿರುಗಿಸೋಕೆ ಮಾಡಿದ್ದು. ಇಲ್ಲಿ ನೀರು ಸಿಗುತ್ತೆ, ಇನ್ನೆರಡೂವರೆ ಮೈಲಿಗೆ ಜೀಪ್ ದಾರಿ ಸಿಗುತ್ತೆ."

"ಮತ್ತೆ ಅವಳು ಯಾಕೆ ತಿರುಗಲಿಲ್ಲ?"

ಎಲ್ವಾಳಿಗೂ ಅದೇ ತಿಳಿಯಬೇಕಿತ್ತು.

ಮಧ್ಯಾಹ್ನ ಎರಡೂವರೆಗೆ ಆಸ್ಪತ್ರೆ. ಬದುಕುಳಿದ ನಾಲ್ವರಲ್ಲಿ ಮಾತನಾಡುವ ಸ್ಥಿತಿಯಲ್ಲಿದ್ದವಳು ಪ್ರಿಸಿಲ್ಲಾ ನಾರ್ಡ್, ಉತ್ತರದ ತಂಪು ಸೀಮೆಯ ಶಾಲಾ ಶಿಕ್ಷಕಿ. ಕೈಗೆ ಗ್ಲೂಕೋಸ್ ಏರಿಸಿದ್ದರು, ತುಟಿ ಒಡೆದಿತ್ತು.

"ಈ ಸೀಮೆಗೆ ಬಂದು ಎಷ್ಟು ದಿನ?"

"ಎರಡು. ಮೈ ಬಿಸಿಲಿಗೆ ಹೊಂದಿಕೊಳ್ಳೋಕೆ ಹತ್ತು ದಿನವಾದರೂ ಬೇಕು ಅಂತ ಇಮೆಲ್ಡಾನೇ ಹೇಳಿದಳು. ಸವಾರಿ ಮುಗಿಸಿ ಹತ್ತಕ್ಕೆ ಹೋಟೆಲ್‌ನಲ್ಲಿರಬೇಕಾದ ಹೊತ್ತಿಗೆ ನಾವಿನ್ನೂ ಹೊರಟಿದೀವಿ ಅಂತ ನಗಾಡಿದಳು. ಕಂಪನಿ ನಮ್ಮನ್ನ ಹೊರಡಿಸಿದ್ದು ಒಂಬತ್ತೂಕಾಲಿಗೆ."

"ಒಂಬತ್ತನೇ ಮೈಲೀಲಿ ಏನಾಯ್ತು?"

"ನೀರು ಇರಲಿಲ್ಲ. ಎಲ್ಲರೂ ಸೈಕಲ್ ತಿರುಗಿಸಿ ಅಂದಳು. ನಾವು ತಿರುಗಿಸಿದ್ವಿ ಕೂಡ. ಆಮೇಲೆ ಆ ಸಂದೇಶದ ಯಂತ್ರದಲ್ಲಿ ಏನೋ ಬರೆದಳು. ಉತ್ತರ ಬಂತು. ಓದಿ, ಮುಂದಕ್ಕೇ ಹೋಗೋಣ ಅಂದಳು." ಪ್ರಿಸಿಲ್ಲಾ ಗೋಡೆಯ ಕಡೆ ಮುಖ ಮಾಡಿದಳು. "ತನ್ನ ಬೆನ್ನಚೀಲದ ನೀರನ್ನ ನಮ್ಮ ನಾಲ್ವರ ಬಾಟಲಿಗೆ ಸಮನಾಗಿ ಹಂಚಿದಳು. ನಿನಗೆ ಅಂದೆ. ನನಗೆ ಅಭ್ಯಾಸ ಇದೆ ಅಂದಳು."

ಉಪಗ್ರಹ ಸಂದೇಶದ ಯಂತ್ರ ಸತ್ತವಳ ಸಾಮಾನಿನ ಜೊತೆ ಸೀಲಾಗಿತ್ತು. ಸಂಜೆ ಐದಕ್ಕೆ ಅದನ್ನು ತೆರೆಸಿದರು.

ಹನ್ನೊಂದು ಐವತ್ತೆರಡು, ಇಮೆಲ್ಡಾ: ನೀರು ಇಟ್ಟಲ್ಲಿ ಇಲ್ಲ. ಹಿಂದಿರುಗುತ್ತಿದ್ದೇನೆ. ಜೀಪ್ ದಾರಿಗೆ ವ್ಯಾನ್ ಕಳಿಸಿ.

ಹನ್ನೊಂದು ಐವತ್ತೈದು, ಕಂಪನಿಯ ಮಾಲೀಕ ಕರ್ಟ್ ಡ್ರೆಶರ್: ವ್ಯಾನ್ ಕೆಳಗಿನ ತುದಿಯಲ್ಲಿದೆ. ಆರೇ ಮೈಲಿ, ಎಲ್ಲ ಇಳಿಜಾರು. ಮುಂದೆ ಹೋಗು. ಹಿಂದಿರುಗಿದರೆ ನಾಳೆಯಿಂದ ಬರಬೇಡ.

ಅವಳು ಬಿದ್ದದ್ದು ಹದಿಮೂರನೇ ಮೈಲಿಯಲ್ಲಿ, ಒಂದು ನಲವತ್ತಕ್ಕೆ. ನೆರಳಿಲ್ಲದ ಕಡೆ ನೂರಾಹದಿನಾಲ್ಕು ಡಿಗ್ರಿ.

ಎಲ್ವಾ ಆ ಎರಡು ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಕೌಂಟಿಯ ಸರ್ಕಾರಿ ವಕೀಲನಿಗೆ ಫೋನ್ ಮಾಡಿದಳು. ಎಷ್ಟು ಡಿಗ್ರಿಗೆ ಕೆಲಸ ನಿಲ್ಲಿಸಬೇಕು ಎಂದು ಈ ರಾಜ್ಯದ ಯಾವ ಕಾನೂನೂ ಹೇಳುವುದಿಲ್ಲ, ಮುಂದೆ ಹೋಗು ಎನ್ನುವುದು ಮಾಲೀಕನ ಹಕ್ಕು ಎಂದ ಅವನು.

"ಸಾಯಲು ಹೋಗು ಅನ್ನೋದೂನಾ?"

"ಹಾಗೆ ಅವನು ಬರೆದಿಲ್ಲವಲ್ಲ, ಎಲ್ವಾ."

ಫೋನ್ ಇಟ್ಟಳು. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಸೀಳಿತ್ತು.

ಹದಿನಾರನೇ ತಾರೀಖು, ಬೆಳಿಗ್ಗೆ ಒಂಬತ್ತು. ರೋಸಾಲ್ವಾಳದನ್ನು ಬಿಟ್ಟರೆ ಕ್ಯಾನಿನ ಮೇಲೆ ಇಬ್ಬರ ಬೆರಳಚ್ಚು ಇದೆ, ಒಂದು ಇಮೆಲ್ಡಾಳದು, ಇನ್ನೊಂದು ದಾಖಲೆಯಲ್ಲಿಲ್ಲ ಎಂಬ ವರದಿ ಹಿಡಿದು ಎಲ್ವಾ ಮತ್ತು ರೂಬೆನ್ ಕಾಪರ್ ಮೇಸಾ ಕಂಪನಿಯ ಅಂಗಳಕ್ಕೆ ಬಂದರು. ಅಲ್ಲಿ ಇನ್ನೊಂದು ತಂಡ ಹೊರಡುತ್ತಿತ್ತು. ಮೂರು ಜನ ಪ್ರವಾಸಿಗಳು ಮುಖಕ್ಕೆ ಬಿಳಿ ಮುಲಾಮು ಬಳಿದುಕೊಳ್ಳುತ್ತಿದ್ದರು. ಗೋಡೆಯ ಉಷ್ಣಮಾಪಕ ಆಗಲೇ ತೊಂಬತ್ತೆಂಟರಲ್ಲಿತ್ತು.

"ಇಮೆಲ್ಡಾ ಸತ್ತು ಎರಡು ದಿನ ಆಗಿಲ್ಲ ಡ್ರೆಶರ್," ಎಂದಳು ಎಲ್ವಾ.

"ಹಾದಿ ಬೇರೆ," ಎಂದ ಡ್ರೆಶರ್. ಇಸ್ತ್ರಿ ಮಾಡಿದ ಅಂಗಿ, ತಣ್ಣನೆಯ ಕೋಣೆಯಿಂದ ಆಗಷ್ಟೇ ಹೊರಬಂದವನ ಒಣ ಹಣೆ. "ಹುಡುಗಿ ನೀರು ಮರೆತಳು. ನಮಗೂ ದುಃಖ ಇದೆ."

"ಜುಲೈಯಲ್ಲಿ ಒಂಬತ್ತು ದಾಟಿದ ಮೇಲೆ ಹೊರಡಿಸ್ತೀರಲ್ಲ. ನಸುಕಿಗೆ ಯಾಕಲ್ಲ?"

"ಅತಿಥಿಗಳು ತಿಂಡಿ ತಿನ್ನಬೇಡವಾ ಸಾರ್ಜೆಂಟ್?"

ವ್ಯಾನಿನ ಹಿಂಬದಿ ಒಬ್ಬ ಮಧ್ಯವಯಸ್ಕ ಸೈಕಲ್ಲಿನ ಟೈರಿನ ಗಾಳಿ ಇಳಿಸುತ್ತಿದ್ದ. ಮರಳಿಗೆ ಗಾಳಿ ಕಡಿಮೆಯಿರಬೇಕು. ಓರಿನ್ ಟಕೆಟ್, ಐವತ್ತೆರಡು, ಕಂಪನಿಯ ಹಿರಿಯ ಗೈಡ್. ಹದಿನಾಲ್ಕರಂದು ಅವನಿಗೆ ರಜೆ. ಕಂಪನಿಗಿದ್ದ ಮೂವರು ಗೈಡ್‌ಗಳಲ್ಲಿ ಉಳಿದ ಒಬ್ಬ ತಿಂಗಳಿಂದ ಊರಲ್ಲಿರಲಿಲ್ಲ. ವ್ಯಾನಿನೊಳಗೆ ಕ್ಯಾನುಗಳು ಸಾಲಾಗಿದ್ದವು, ಕಾದ ತಗಡು ತಾಗದಂತೆ ಪ್ರತಿಯೊಂದರ ಬುಡಕ್ಕೂ ಚಪ್ಪಟೆ ಕಲ್ಲು.

ಎಲ್ವಾ ಕಲ್ಲುಗಳನ್ನು ನೋಡಿದಳು. ಬೆರಳಚ್ಚಿನ ಮಾತೆತ್ತಲಿಲ್ಲ.

"ಈ ಬಿಸಿಲಲ್ಲಿ ನೀವೂ ಹೊರಟ್ರಾ ಓರಿನ್?"

"ನಾನು ಹೋಗದಿದ್ರೆ ಏನೂ ಗೊತ್ತಿಲ್ಲದ ಯಾರನ್ನಾದ್ರೂ ಕಳಿಸ್ತಾನೆ. ಮೊದಲ ತಿರುವಿನಲ್ಲೇ ಚಕ್ರ ಕೆಟ್ಟಿತು ಅಂತ ವಾಪಸ್ ತರ್ತೀನಿ."

"ಇಮೆಲ್ಡಾಗೆ ಕೆಲಸ ಕಲಿಸಿದ್ದು ನೀವಂತೆ."

"ಆರು ವರ್ಷ ಆಯ್ತು."

"ನಾಳೆ ವರದಿ ಮುಗಿಸ್ತೀನಿ. ಗೈಡ್‌ನ ನಿರ್ಲಕ್ಷ್ಯ. ನೀರು ಇಡೋದು ಮರೆತಳು. ನಿಮ್ಮ ಸಹಿ ಬೇಕು, ಹಿರಿಯ ಗೈಡ್ ಅಂತ." ಹಾಳೆ ಮುಂದಿಟ್ಟಳು.

ಓರಿನ್ ಹಾಳೆ ನೋಡಿದ. ಟೈರಿನಿಂದ ಗಾಳಿ ಸುಯ್ ಎಂದು ಹೋಗುತ್ತಲೇ ಇತ್ತು, ಅವನು ಬೆರಳು ತೆಗೆಯಲಿಲ್ಲ.

"ಅವಳು ಮರೀಲಿಲ್ಲ," ಎಂದ.

"ಕಂಪನಿ ಹಾಗನ್ನುತ್ತೆ."

"ಮರೀಲಿಲ್ಲ ಅಂದ್ನಲ್ಲ! ಎಂಟು ಕ್ಯಾನ್ ಇಟ್ಟಿದ್ದಳು. ಜೂನಿಪರ್ ಬುಡದಲ್ಲಿ, ಉತ್ತರದ ನೆರಳಿಗೆ. ಹೇಗೆ ಹೇಳಿಕೊಟ್ಟಿದ್ನೋ ಹಾಗೇ ಇಟ್ಟಿದ್ದಳು."

"ನಿಮಗೆ ಹೇಗೆ ಗೊತ್ತು?"

ಟೈರು ಪೂರ್ತಿ ಚಪ್ಪಟೆಯಾಗಿತ್ತು.

"ನಾನೇ ಸರಿಸಿದ್ದು. ಬೆಳಗಿನ ಜಾವ ಐದೂವರೆಗೆ. ನೀರಿಲ್ಲ ಅಂದ್ರೆ ತಿರುಗಬೇಕು. ಇಪ್ಪತ್ತು ವರ್ಷದಲ್ಲಿ ತಿರುಗದೇ ಇದ್ದ ಒಬ್ಬ ಗೈಡ್‌ನೂ ನಾನು ನೋಡಿಲ್ಲ. ಅವಳು ಯಾಕೆ ತಿರುಗಲಿಲ್ಲ? ಹೇಳಿ ಸಾರ್ಜೆಂಟ್, ಯಾಕೆ ತಿರುಗಲಿಲ್ಲ?"

ಎಲ್ವಾ ಜೇಬಿನಿಂದ ಸಂದೇಶದ ಪ್ರತಿ ತೆಗೆದು ಅವನ ಕೈಗಿತ್ತಳು. ಹಾಗೆ ಕೊಡುವುದು ನಿಯಮವಲ್ಲ. ಅವನು ಓದಿದ. ಓದಿ, ಡ್ರೆಶರ್‌ನ ಕಡೆ ನೋಡಿದ. ರೂಬೆನ್ ಇಬ್ಬರ ನಡುವೆ ಬಂದು ನಿಂತ.

ಒಂಬತ್ತು ನಲವತ್ತಕ್ಕೆ ಓರಿನ್ ಟಕೆಟ್‌ನ ಬಂಧನವಾಯಿತು. ಆಪಾದನೆ, ಉದ್ದೇಶವಿಲ್ಲದ ನರಹತ್ಯೆ. ಮೌನವಾಗಿರುವ, ವಕೀಲನನ್ನು ಕೇಳುವ ಹಕ್ಕನ್ನು ಎಲ್ವಾ ಓದಿ ಹೇಳಿದಳು. ಅವನು ತಾನಾಗಿಯೇ ಕೈ ಮುಂದೆ ಚಾಚಿದ.

"ನನ್ನ ಅತಿಥಿಗಳನ್ನ ಯಾರು ಕರ್ಕೊಂಡು ಹೋಗ್ತಾರೆ?" ಎಂದು ಡ್ರೆಶರ್ ಕೂಗಿದ.

"ನೀವೇ ಹೋಗಿ," ಎಂದಳು ಎಲ್ವಾ. "ಎಲ್ಲ ಇಳಿಜಾರು."

ಆ ದಿನ ಯಾರೂ ಹೋಗಲಿಲ್ಲ.

ಮಧ್ಯಾಹ್ನ ರೋಸಾಲ್ವಾಳನ್ನು ಕರೆಸಿ ತಿದ್ದಿದ ವರದಿ ಓದಿಸಿದರು. ಮೃತಳು ನೀರು ಇಟ್ಟಿದ್ದಳು, ಹಿಂದಿರುಗಲು ಸಿದ್ಧಳಿದ್ದಳು, ತನ್ನ ಪಾಲಿನ ನೀರನ್ನು ನಾಲ್ವರಿಗೆ ಕೊಟ್ಟಳು. ರೋಸಾಲ್ವಾ ನಿಧಾನವಾಗಿ ಎರಡು ಸಲ ಓದಿದಳು. ಮಾಲೀಕನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಮಾತ್ರ ಇರುವುದನ್ನು ಕಂಡು ತಲೆಯೆತ್ತಿದಳು.

"ನೀರು ಸರಿಸಿದೋನಿಗೆ ಕಾನೂನು ಇದೆ," ಎಂದಳು ಎಲ್ವಾ. "ಮುಂದೆ ಹೋಗು ಅಂದೋನಿಗೆ ಇನ್ನೂ ಯಾರೂ ಬರೆದಿಲ್ಲ. ಸಂದೇಶ ಮಾತ್ರ ಕಡತದ ಮೊದಲ ಪುಟದಲ್ಲಿದೆ. ಪತ್ರಿಕೆಯವರು ಕೇಳಿದರೆ ತೋರಿಸೋ ಹಕ್ಕು ನಿಮಗಿದೆ."

ರೋಸಾಲ್ವಾ ಪ್ರತಿಯನ್ನು ಮಡಿಸಿ ತೆಗೆದುಕೊಂಡು ಹೋದಳು.

ಓರಿನ್ ಹೇಳಿಕೆ ಮೂರು ಪುಟವಾಯಿತು. ಹಿಂದಿನ ಜುಲೈಯಲ್ಲಿ ಬಾಣಲೆಯಲ್ಲಿ ಪ್ರಜ್ಞೆ ತಪ್ಪಿದ ಒಬ್ಬ ಮುದುಕನನ್ನು ಅವನು ಹೆಗಲ ಮೇಲೆ ಹೊತ್ತು ತಂದಿದ್ದ. ಆಮೇಲೆ, ನೂರಾಐದು ದಾಟಿದ ದಿನ ಸವಾರಿ ಬೇಡವೆಂದು ಮಾಲೀಕನಿಗೆ ನಾಲ್ಕು ಪತ್ರ ಬರೆದ. ಯಾವುದಕ್ಕೂ ಉತ್ತರ ಬರಲಿಲ್ಲ. ಒಂದು ಸಲ ತಂಡ ಅರ್ಧದಿಂದ ತಿರುಗಿ ಬಂದು, ಅತಿಥಿಗಳು ಗಲಾಟೆ ಮಾಡಿದರೆ ಕಂಪನಿ ತಾನಾಗಿ ದಾರಿಗೆ ಬರುತ್ತದೆ ಎಂದುಕೊಂಡ. ಇಮೆಲ್ಡಾಳಿಗೆ ಮೊದಲೇ ಹೇಳಲಿಲ್ಲ, ಅವಳ ಕೆಲಸಕ್ಕೆ ಕುತ್ತು ಬರುತ್ತದೆಂದು. ತಂಡ ಆರನೇ ಮೈಲಿ ದಾಟಿದ ಮೇಲೆ ಹನ್ನೊಂದೂಕಾಲಿಗೆ ಜೀಪ್ ದಾರಿಯ ಬಾಯಿಗೆ ಬಂದು, ಗಾಡಿಯ ಹಿಂಬಾಗಿಲು ತೆರೆದು, ಹಾದಿಯ ತಿರುವನ್ನೇ ನೋಡುತ್ತ ಕೂತಿದ್ದ. ಮೂರು ಗಂಟೆಗೆ ಬಾಣಲೆಯ ಕಡೆಯಿಂದ ಹೆಲಿಕಾಪ್ಟರಿನ ಸದ್ದು ಕೇಳುವವರೆಗೂ ಕದಲಲಿಲ್ಲ. ಗಾಡಿಯಲ್ಲಿ ಐಸ್ ಪೆಟ್ಟಿಗೆ ಇತ್ತು, ಅದರಲ್ಲಿ ನೆನೆಸಿಟ್ಟ ಐದು ಟವೆಲ್.