ತಾಮ್ರದ ತಗಡಿನ ಮೇಲಿನ ಹೆಸರು

“ಅಲ್ಲಿ ಅಗೀಬೇಡ ಮೋನೇ. ಬೇರೆ ಎಲ್ಲಾದ್ರೂ ಅಗಿ, ಆ ಕಿಟಕಿ ಬುಡದಲ್ಲಿ ಮಾತ್ರ ಬೇಡ ಮಗನೇ.”

ಅಮ್ಮಿಣಿ ಚೇಚಿ ಪಿಸುಗುಟ್ಟಿದಳು. ಪಿಸುಮಾತು ಬಿಟ್ಟರೆ ಆಕೆಗೆ ಬೇರೆ ದನಿಯೇ ಇರಲಿಲ್ಲ. ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡಿದ್ದ ಸುಗುಣನ್ ಕಿಸಕ್ಕನೆ ನಕ್ಕ.

ಕೊಚ್ಚಿಯಿಂದ ಇರಿಂಞಾಲಕುಡದ ಈ ಮನೆಗೆ ಅವನು ಬಂದಿದ್ದು ಒಂದು ಗುಂಯ್‌ಗುಡುವಿಕೆಯನ್ನು ಕೊಲ್ಲಲು. ಚೇಚಿಯ ತಮ್ಮ ದಿವಾಕರನ್ ಆಸೆಪಟ್ಟು ಕಟ್ಟಿಸಿದ ಹಾಡಿನ ಕೋಣೆಯಲ್ಲಿ ರೆಕಾರ್ಡು ಹಾಕಿದರೆ ಸಾಕು, ಸ್ಪೀಕರಿನೊಳಗಿಂದ ಯಾರೋ ಬಾಯಿ ಮುಚ್ಚಿಕೊಂಡು ನರಳಿದ ಹಾಗೆ ಸದ್ದು ಬರುತ್ತಿತ್ತು. “ಮೂರು ಜನ ಬಂದು ಚಹಾ ಕುಡಿದು ಹೋದ್ರು. ನೀನು ನಾಲ್ಕನೆಯವನು. ಸಕ್ಕರೆ ಎಷ್ಟು?” ಎಂದೇ ದಿವಾಕರನ್ ಸ್ವಾಗತಿಸಿದ್ದ.

ಅದು ಸುಗುಣನ್‌ಗೆ ಚುಚ್ಚಿತ್ತು. ಅವನ ಅನ್ನ, ಅಹಂಕಾರ ಎರಡೂ ಕಿವಿಯಲ್ಲೇ ಇದ್ದವು. ಮುಚ್ಚಳ ತೆಗೆಯದೆಯೇ ಆಂಪ್ಲಿಫೈಯರಿನ ರೋಗ ಹೇಳುವ ಕಿವಿ ಅದು. ವೈರುಗಳನ್ನೆಲ್ಲ ಕಿತ್ತು ಒಂದೊಂದಾಗಿ ಸಿಕ್ಕಿಸಿದ. ಫ್ರಿಜ್ಜು, ಇನ್ವರ್ಟರು, ಟ್ಯೂಬ್‌ಲೈಟು ಎಲ್ಲವನ್ನೂ ಆರಿಸಿ ನೋಡಿದ. ಕೊನೆಗೆ ಮೀಟರು ಹಿಡಿದರೆ ಬೇಡದ ಕರೆಂಟನ್ನು ಮಣ್ಣಿಗಿಳಿಸುವ ಮನೆಯ ಅರ್ತಿಂಗೇ ಸತ್ತುಹೋಗಿತ್ತು. ಹೊಸ ಗುಂಡಿ ತೋಡಲೇಬೇಕು. ಅಡುಗೆಮನೆಯ ನೀರು ಹರಿದು ಸದಾ ಒದ್ದೆಯಾಗಿರುವ ಕಿಟಕಿಯ ಬುಡಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

“ಅಲ್ಲೇನು ನಿಧಿ ಹೂತಿದ್ದೀರಾ ಚೇಚೀ?”

“ಕೂಡೋತ್ರ ಹೂತಿದ್ದಾರೆ, ಮಾಟ.” ಆಕೆ ಸುತ್ತ ನೋಡಿದಳು. “ರೇಡಿಯೋದಲ್ಲಿ ಹಾಡೋಕೆ ಮಾವನ ಮಗಳ ಬದಲು ನನ್ನನ್ನ ಆರಿಸಿದ್ರು. ಅದಕ್ಕೆ ಮಾವನ ಮನೆಯವರು ಮಾಡಿಸಿದ್ದು. ಇವಳ ನಾದ ಮಣ್ಣಿಗೆ ಹೋಗಲಿ ಅಂತ. ಇಪ್ಪತ್ತೆರಡು ವರ್ಷ ಆಯ್ತು. ಕಿತ್ತರೆ ನನ್ನ ಉಸಿರೂ ಹೋಗುತ್ತಂತೆ.”

“ಮಣ್ಣಿಗೆ ಕಳಿಸೋದೇ ನಮ್ಮ ಕೆಲಸ,” ಎಂದವನೇ ಅವನು ಗುದ್ದಲಿ ಹಾಕಿಯೇಬಿಟ್ಟ. ತಡೆಯಲು ದಿವಾಕರನ್ ಇರಲಿಲ್ಲ, ಸಿಮೆಂಟು ತರಲು ಪೇಟೆಗೆ ಹೋಗಿದ್ದ.

ಮಟಮಟ ಮಧ್ಯಾಹ್ನ. ಮೂರಡಿ ಆಳಕ್ಕೆ ಹೋಗುವಷ್ಟರಲ್ಲಿ ಮಣ್ಣಿನ ವಾಸನೆ ಬದಲಾಯಿತು. ಕೊಳೆತ ಮೊಟ್ಟೆ, ಸುಟ್ಟ ಕೂದಲು. ಬಿಸಿಲು ನೆತ್ತಿ ಸುಡುತ್ತಿದ್ದರೂ ಗುಂಡಿಯ ತಳದಲ್ಲಿ ಕತ್ತಲು ಹೆಪ್ಪುಗಟ್ಟಿತ್ತು, ಕೈಯಿಟ್ಟರೆ ತಣ್ಣಗೆ ಕೊರೆಯುತ್ತಿತ್ತು. ಮೊದಲು ಇದ್ದಿಲು ಬಂತು, ಆಮೇಲೆ ಉಪ್ಪಿನ ಹೆಂಟೆ. ಅದರಡಿಯಲ್ಲಿ ಅಂಗೈಯಗಲದ ತಾಮ್ರದ ತಗಡು, ಮೈತುಂಬ ಅಕ್ಷರ, ನಡುವೆ ಅಮ್ಮಿಣಿಯ ಹೆಸರು.

“ಇದ್ದಿಲು, ಉಪ್ಪು, ತಾಮ್ರ! ಅರ್ತಿಂಗಿಗೆ ನಾವು ಹಾಕೋದೂ ಇದನ್ನೇ, ಈ ತಗಡೇ ಸಾಕು. ನಿಮ್ಮ ಮಂತ್ರವಾದಿ ಒಳ್ಳೇ ಎಲೆಕ್ಟ್ರೀಷಿಯನ್ನು ಚೇಚೀ!”

ತಗಡು ಮೇಲೆ ಬಂದ ಕ್ಷಣವೇ ಅಮ್ಮಿಣಿ ಗಂಟಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಳು. ಮುಖ ನೀಲಿಗಟ್ಟಿತು. ತಗಡಿನ ಮೇಲೆ ಬಾಗಿದ್ದ ಸುಗುಣನ್ ಅತ್ತ ನೋಡಲಿಲ್ಲ. ಕಿಲುಬಿದ್ದರೆ ವೈರು ಹಿಡಿಯುವುದಿಲ್ಲವಲ್ಲ, ಸ್ಯಾಂಡ್‌ಪೇಪರು ತೆಗೆದು ಪರಪರ ಉಜ್ಜಿದ. ನಡುವಿನ ಹೆಸರು ಅಳಿಸಿ ತಾಮ್ರ ಥಳಥಳಿಸಿತು. ಆಕೆಯ ಎದೆಗೆ ಗಾಳಿ ನುಗ್ಗಿತು.

ಆಮೇಲೆ ಅವನು ಮಾಡಿದ್ದು ಪ್ರತಿಯೊಂದು ರಿಪೇರಿಯಲ್ಲೂ ಮಾಡುವ ಕೆಲಸ. ಯಾರು ಮಾಡಿದ್ದೆಂದು ಮುಂದಿನವರಿಗೆ ಗೊತ್ತಾಗಲೆಂದು ಸ್ಕ್ರೂಡ್ರೈವರಿನ ಮೊನೆಯಿಂದ ಕೆತ್ತಿದ: ಸುಗುಣನ್. ಕೆಳಗೆ ತಾರೀಖು.

“ನನ್ನ ಹೆಸರು?” ಆಕೆ ಏದುಸಿರು ಬಿಡುತ್ತ ಕೇಳಿದಳು.

“ಉಜ್ಜಿ ಹಾಕ್ದೆ.”

“ಈಗ ಬರೆದಿದ್ದು ಯಾರದು?”

“ನಂದೇ. ಮಾಡಿದವನು ನಾನಲ್ವಾ?”

ಅಮ್ಮಿಣಿ ಏನೋ ಹೇಳಲು ಬಾಯಿ ತೆರೆದಳು. ಕತ್ತಿನ ಮೇಲೆ ಕೈಯಾಡಿಸಿಕೊಂಡಳು. ಬಾಯಿ ಮುಚ್ಚಿ, ಹಸಿರು ವೈರಿನ ಸುರುಳಿಯನ್ನು ಅವನ ಕೈಗೆ ಕೊಟ್ಟಳು.

ಅದನ್ನು ಬಿಗಿದು, ತಗಡನ್ನು ಇಳಿಸಿ, ಮಣ್ಣು ಮುಚ್ಚಿದ. ಅಷ್ಟರಲ್ಲಿ ಬಂದ ದಿವಾಕರನ್ ಸಿಮೆಂಟು ಕಲಸಿಟ್ಟು ಒಳಗೆ ಬಂದ. ಸುಗುಣನ್ ಸ್ವಿಚ್ಚು ಹಾಕಿ ವಾಲ್ಯೂಮನ್ನು ತುದಿಯವರೆಗೆ ತಿರುಗಿಸಿದ. ಗುಂಯ್ ಇಲ್ಲ. ಚೂರೂ ಇಲ್ಲ. ಇಂಥ ನಿಶ್ಶಬ್ದವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ.

“ನಾಲ್ಕನೆಯವನು ಹೇಗೆ?” ಎಂದು ಹುಬ್ಬು ಹಾರಿಸಿದ. ತನ್ನ ಮಾತು ತನಗೇ ದೂರದಿಂದ ಬಂದಂತಿತ್ತು.

ದಿವಾಕರನ್ ರೆಕಾರ್ಡಿಟ್ಟ. ಕಣ್ಣು ಮುಚ್ಚಿ ತಲೆದೂಗತೊಡಗಿದ. ಮುಳ್ಳು ಇಳಿಸುವುದಕ್ಕೆ ಮುಂಚೆಯೇ ತಲೆದೂಗುತ್ತಾನಲ್ಲ, ಎಂಥ ಹುಚ್ಚ! ಸುಗುಣನ್ ನಗುತ್ತ ಬಗ್ಗಿ ನೋಡಿದ.

ಮುಳ್ಳು ಇಳಿದಿತ್ತು. ರೆಕಾರ್ಡು ತಿರುಗುತ್ತಿತ್ತು.

ಸ್ಪೀಕರಿಗೆ ಬೆರಳು ಮುಟ್ಟಿಸಿದ. ಅದುರುತ್ತಿದೆ. ಬಡಿದುಕೊಳ್ಳುತ್ತಿದೆ. ಸದ್ದಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ಸದ್ದಿಲ್ಲ. ಕಿಟಕಿಯಲ್ಲಿ ಕಾಗೆ ಕೊಕ್ಕು ತೆರೆಯಿತು, ಮುಚ್ಚಿತು. ಕಿವಿಯ ಪಕ್ಕ ಚಪ್ಪಾಳೆ ತಟ್ಟಿಕೊಂಡ. ಅಂಗೈ ಉರಿಯಿತು, ಅಷ್ಟೇ. ಮೂಗಿಗೆ ಮಾತ್ರ ಸುಟ್ಟ ಕೂದಲಿನ ವಾಸನೆ ಅಡರಿತು.

ದಿವಾಕರನ್ ತಟ್ಟನೆ ಅಂಗಳದತ್ತ ತಿರುಗಿದ. ರೆಕಾರ್ಡು ನಿಲ್ಲಿಸಿದ. ಅವನ ಕಣ್ಣಲ್ಲಿ ದಳದಳ ನೀರು. ಹೊರಗೆ ಅಮ್ಮಿಣಿ ಬಾಯಿ ಅಗಲ ತೆರೆದು ನಿಂತಿದ್ದಳು. ಕತ್ತಿನ ನರಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಹಾಡುತ್ತಿದ್ದಳು.

ತಗಡು. ತನ್ನ ಹೆಸರು. ಆಗ ಅರ್ಥವಾಯಿತು ಅವನಿಗೆ.

ಓಡಿದ. ಎಡವಿದ. ಗುದ್ದಲಿ ಹುಡುಕಿದ. ಇಟ್ಟಲ್ಲಿ ಇರಲಿಲ್ಲ. ಗುಂಡಿಯ ಮೇಲೆ ಆಗಲೇ ಒಂದು ಬಾಣಲಿ ಸಿಮೆಂಟು ಬಿದ್ದಿತ್ತು. ಉಗುರಿನಿಂದ ಕೆರೆದ. ದಿವಾಕರನ್ ಹಿಂದಿನಿಂದ ರಟ್ಟೆ ಹಿಡಿದು ಎಳೆದ. ಸುಗುಣನ್ ಆಕೆಯ ಕಾಲು ಹಿಡಿದ. ಚೇಚೀ, ತೆಗೀರಿ, ಕಿವಿ ಇಲ್ಲದೆ ನಾನೇನು ಮಾಡಲಿ, ಚೇಚೀ! ಗಂಟಲು ಹರಿಯುತ್ತಿರುವುದಷ್ಟೇ ತಿಳಿಯಿತು.

ಅಮ್ಮಿಣಿ ಬಗ್ಗಿ ನೋಡಿದಳು. ಕಣ್ಣಲ್ಲಿ ಕನಿಕರವಿತ್ತು, ನಿಜವಾದ ಕನಿಕರ. ತುಟಿ ಮಾತ್ರ ಹಾಡು ನಿಲ್ಲಿಸಲಿಲ್ಲ. ಆಕೆ ಇನ್ನೊಂದು ಬಾಣಲಿ ಸಿಮೆಂಟು ಸುರಿದು, ಕರಣೆಯಿಂದ ನೀಟಾಗಿ ಸಮ ಮಾಡಿದಳು.